ಪಡುವಣ ಗೋಡೆಯ ಆರೋಗ್ಯ

ಮುಂಬಯಿಯಲ್ಲಿ ನೆಲಸಿದ ಕನ್ನಡಿಗರಲ್ಲಿ, ವಿಶೇಷವಾಗಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳಿಂದ ಬಂದವರಲ್ಲಿ, ಎರಡು ಮನೆಗಳ ಚಿಂತೆಯನ್ನು ಹೊತ್ತವರು ಅನೇಕರು. ಒಂದು, ಉಪನಗರದ ಕಟ್ಟಡವೊಂದರ ಮೂರನೆಯದೋ ನಾಲ್ಕನೆಯದೋ ಮಾಳಿಗೆಯ ಬ್ಲಾಕು. ಇನ್ನೊಂದು, ಊರಿನಲ್ಲಿ ವೃದ್ಧ ತಂದೆತಾಯಿಗಳಿಗಾಗಿ ಅಥವಾ ನಿವೃತ್ತಿಯ ನಂತರದ ವಾಸಕ್ಕಾಗಿ ಕಟ್ಟಿಸಿದ ಮನೆ. ಇವೆರಡರ ನಡುವೆ ನೂರಾರು ಮೈಲುಗಳ ಅಂತರವಿದ್ದರೂ ಎರಡೂ ಒಂದೇ ಕಡಲಿನ ದಂಡೆಯವು. ಎರಡನ್ನೂ ಬಡಿಯುವುದು ಒಂದೇ ನೈರುತ್ಯ ಮಾರುತ. ಜೂನ್ ತಿಂಗಳು ಕಾಲಿಟ್ಟೊಡನೆ ಎರಡು ಮನೆಗಳ ಪಡುವಣ ಗೋಡೆಗಳ ಮೇಲೂ ಒಂದೇ ಬಗೆಯ ಕಪ್ಪು ಕಲೆ ಮೂಡುತ್ತದೆ. ಬಣ್ಣ ಉಬ್ಬುತ್ತದೆ, ಗೋಡೆ ಉಪ್ಪು ಕಾರುತ್ತದೆ, ಕಪಾಟಿನೊಳಗಿನ ಬಟ್ಟೆಗಳಿಗೆ ಬೂಷ್ಟಿನ ವಾಸನೆ ಹತ್ತುತ್ತದೆ. ಜುಲೈ ಕಳೆಯುವುದರೊಳಗೆ ಮನೆಯ ಮಗುವಿನ ಕೆಮ್ಮಿಗೆ ವೈದ್ಯರ ಬಳಿಗೆ ಎರಡನೆಯ ಬಾರಿ ಹೋಗಿಬರುವುದೂ ನಡೆಯುತ್ತದೆ.

ಗೋಡೆಗೂ ಕೆಮ್ಮಿಗೂ ಸಂಬಂಧವಿದೆಯೆಂಬುದು ಕೇವಲ ಊಹೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಮನೆಯೊಳಗಿನ ತೇವ ಹಾಗೂ ಬೂಷ್ಟುಗಳ ಕುರಿತು 2009ರಲ್ಲಿ ಪ್ರತ್ಯೇಕವಾದ ಮಾರ್ಗದರ್ಶಿಯೊಂದನ್ನು ಹೊರತಂದಿತು. ತೇವ ಹಿಡಿದ ಮನೆಗಳಲ್ಲಿ ವಾಸಿಸುವವರಿಗೆ ಉಸಿರಾಟದ ತೊಂದರೆಗಳು ಹಾಗೂ ಶ್ವಾಸಾಂಗಗಳ ಸೋಂಕುಗಳು ಹೆಚ್ಚು, ಇದ್ದ ಅಸ್ತಮಾ ಉಲ್ಬಣಿಸುವ ಸಂಭವವೂ ಹೆಚ್ಚು ಎಂಬುದು ಅದರ ನಿರ್ಣಯ. ತೇವವನ್ನು ಬರಗೊಡದಿರುವುದೇ ಮುಖ್ಯ ಚಿಕಿತ್ಸೆಯೆಂದೂ ಅದು ಸ್ಪಷ್ಟಪಡಿಸಿದೆ. ಆದರೂ ಅಸ್ತಮಾ ರೋಗಿಯೊಬ್ಬನು ಬಂದಾಗ ಧೂಳಿನ ಬಗ್ಗೆ, ಧೂಮಪಾನದ ಬಗ್ಗೆ, ಸಾಕುಪ್ರಾಣಿಗಳ ಬಗ್ಗೆ ವಿಚಾರಿಸುವ ವೈದ್ಯರು ಅವನ ಮಂಚ ಯಾವ ಗೋಡೆಗೆ ತಾಗಿದೆಯೆಂದು ಕೇಳುವುದು ಅಪರೂಪ. ಗೋಡೆಯ ರಿಪೇರಿಯು ಔಷಧಿಗೆ ಬದಲಿಯಲ್ಲ; ವೈದ್ಯರು ಕೊಟ್ಟ ಇನ್‌ಹೇಲರನ್ನು ಅದರ ಭರವಸೆಯಿಂದ ನಿಲ್ಲಿಸತಕ್ಕದ್ದೂ ಅಲ್ಲ. ಆದರೆ ವರ್ಷವರ್ಷವೂ ಔಷಧಿಗೆ ಹಣ ತೆರುತ್ತ ಗೋಡೆಯನ್ನು ಮಾತ್ರ ಹಾಗೆಯೇ ಬಿಡುವುದು ಯಾವ ಲೆಕ್ಕ?

ಕರಾವಳಿಯ ಗೋಡೆ ಕೆಡುವುದಕ್ಕೆ ಮಳೆಯ ಪ್ರಮಾಣವೊಂದೇ ಕಾರಣವಲ್ಲ. ಮುಂಬಯಿಯಲ್ಲಿ ನಾಲ್ಕು ತಿಂಗಳೊಳಗೆ 2000 ಮಿ.ಮೀ.ಗೂ ಹೆಚ್ಚು, ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆಂಬುದು ನಿಜ. ಆದರೆ ನೆಟ್ಟಗೆ ಸುರಿಯುವ ಮಳೆಗೆ ಗೋಡೆ ಅಷ್ಟಾಗಿ ಅಂಜಬೇಕಿಲ್ಲ. ಗಾಳಿಯೊಡನೆ ಅಡ್ಡಲಾಗಿ ಬಂದು ಬಡಿಯುವ ಎರಚಲೇ ಅದರ ಶತ್ರು. ಇದರೊಡನೆ ಕಡಲಿನಿಂದ ತೇಲಿಬರುವ ಉಪ್ಪು ಸೇರುತ್ತದೆ. ಕೂದಲೆಳೆಯಂತಹ ಬಿರುಕೊಂದು ಸಿಕ್ಕರೆ ಸಾಕು, ನೀರು ತಾನಾಗಿಯೇ ಒಳಕ್ಕೆ ಹೀರಲ್ಪಡುತ್ತದೆ. ಒಳಹೊಕ್ಕ ನೀರಿಗೆ ಹೊರಬರುವ ದಾರಿಯಿದೆಯೆ ಎಂಬುದೇ ಮುಂದಿನ ಪ್ರಶ್ನೆ. ಇಂದಿನ ಮನೆಗಳು ಸೋತಿರುವುದು ಇಲ್ಲಿಯೇ.

ಹಿಂದಿನವರು ಈ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಬಿಡಿಸಿದ್ದರು. ಕರಾವಳಿಯ ಕೆಂಪುಕಲ್ಲು, ಅಂದರೆ ಮುರಕಲ್ಲು, ರಂಧ್ರಮಯವಾದದ್ದು. ನೆಲದೊಳಗಿರುವಾಗ ಕಡಿಯಲು ಮೆದು, ಗಾಳಿಗೆ ಒಡ್ಡಿದಂತೆಲ್ಲ ಗಟ್ಟಿ. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಫ್ರಾನ್ಸಿಸ್ ಬುಕಾನನ್ ಇದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದ ಹೆಸರು ಅದು. ಇಂತಹ ಕಲ್ಲು ನೀರು ಕುಡಿಯದೆ ಇರದು. ಆದಕಾರಣ ಹಳಬರು ಕಲ್ಲಿಗೆ ನೀರು ತಾಗದಂತೆ ನೋಡಿಕೊಂಡರೇ ಹೊರತು, ಕಲ್ಲಿನ ಬಾಯಿಯನ್ನು ಬಿಗಿಯಲು ಹೋಗಲಿಲ್ಲ. ಇಳಿಜಾರಾದ ಮಾಡು ಗೋಡೆಯನ್ನು ದಾಟಿ ಮೂರು ನಾಲ್ಕು ಅಡಿ ಹೊರಚಾಚುತ್ತಿತ್ತು. ಅದರ ಕೆಳಗೆ ಜಗಲಿ. ಗೋಡೆಗೆ ಚಿಪ್ಪು ಸುಟ್ಟು ಮಾಡಿದ ಸುಣ್ಣದ ಲೇಪ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲಿನ ಸ್ಥಾನಕ್ಕೆ ಹೆಂಚು ಬಂತು. ಆದರೆ ಮಾಡಿನ ಇಳಿಜಾರೂ ಸೂರಿನ ಚಾಚೂ ಹಾಗೆಯೇ ಉಳಿದವು.

ಇಷ್ಟೂ ಸಾಲದ ಕಡೆ, ಪತ್ತನಾಜೆಯ ಹೊತ್ತಿಗೆ, ಪಡುವಣ ದಿಕ್ಕಿಗೆ ಹೆಣೆದ ತೆಂಗಿನ ಮಡಲಿನ ತಟ್ಟಿಗಳನ್ನು ಕಟ್ಟುತ್ತಿದ್ದರು. ಈ ತಟ್ಟಿಯನ್ನು ಬಡತನದ ಗುರುತೆಂದು ತಿಳಿದವರು ಅನೇಕರು. ವಾಸ್ತವವಾಗಿ ಅದೊಂದು ಪರಿಪೂರ್ಣ ಹೊರಕವಚ. ಎರಚಲಿನ ಪೆಟ್ಟು ತಟ್ಟಿಗೆ. ತಟ್ಟಿಗೂ ಗೋಡೆಗೂ ನಡುವೆ ಗಾಳಿಯಾಡುವ ತೆರಪು. ದಾಟಿಬಂದ ಅಲ್ಪಸ್ವಲ್ಪ ನೀರು ಕೆಳಗಿಳಿದು ಹೋಗಲು ದಾರಿ. ಮಳೆಗಾಲ ಮುಗಿದೊಡನೆ ಬಿಚ್ಚಿ ಒಲೆಗೆ ಹಾಕಿದರಾಯಿತು. ಮುಂಬಯಿಯ ಕಟ್ಟಡಗಳ ಮೇಲೆ ಮೇ ತಿಂಗಳ ಕೊನೆಗೆ ಹೊದಿಸುವ ನೀಲಿ ತಾಡಪತ್ರಿಯೂ ಇದೇ ವಂಶದ್ದು. ಆದರೆ ಗೋಡೆಗೆ ಅಂಟಿಕೊಂಡು, ಗಾಳಿಗೆ ಎಡೆಗೊಡದೆ, ತೇವವನ್ನು ಒಳಗೇ ಹಿಡಿದಿಡುವ ಮಟ್ಟಿಗೆ ಅದು ಮಡಲಿಗಿಂತ ಕೀಳು.

ಊರಿನಲ್ಲಿ ತಾರಸಿ ಮನೆ ಪ್ರತಿಷ್ಠೆಯ ಕುರುಹಾದಂದಿನಿಂದ ಸೂರು ಮಾಯವಾಯಿತು. ಪರವೂರಿನಲ್ಲಿ ದುಡಿದವನ ಮನೆ ಪೆಟ್ಟಿಗೆಯಂತೆ ಚೌಕಾಕಾರವಾಗಿದ್ದರೇನೇ ಚೆಂದ ಎಂಬ ಭಾವನೆ ಬೇರೂರಿತು. ನೆರಳಿಲ್ಲದ ಗೋಡೆಗೆ ಸಿಮೆಂಟಿನ ಗಾರೆ, ಅದರ ಮೇಲೆ ಪ್ಲಾಸ್ಟಿಕ್ಕಿನಂತೆ ಹೊಳೆಯುವ ಬಣ್ಣ. ಗಟ್ಟಿ ಸಿಮೆಂಟಿನ ಗಾರೆಯು ಬಿಸಿಲು ಮಳೆಗಳಿಗೆ ಹಿಗ್ಗಿ ಕುಗ್ಗಿ ಬಿರಿಯುತ್ತದೆ. ಬಿರುಕಿನಿಂದ ಹೊಕ್ಕ ನೀರನ್ನು ಹೊರಗಿನ ಬಣ್ಣದ ಪೊರೆ ಹೊರಹೋಗಗೊಡದು. ಅದು ಒಳಗೋಡೆಯ ಮೂಲಕ ಆರತೊಡಗುತ್ತದೆ. ತನ್ನೊಡನೆ ಕರಗಿದ ಉಪ್ಪನ್ನೂ ತಂದು, ಬಣ್ಣದ ಹಿಂಬದಿಯಲ್ಲಿ ಹರಳುಗಟ್ಟಿಸಿ, ಬಣ್ಣವನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಮನೆಯೊಡೆಯನು ಬಣ್ಣ ಕಳಪೆಯಾಯಿತೆಂದು ತಿಳಿದು, ಇನ್ನೂ ದಪ್ಪನಾದ, ಇನ್ನೂ ದುಬಾರಿಯಾದ ಲೇಪವನ್ನು ಬಳಿಸುತ್ತಾನೆ. ಕೊನೆಗೆ ಸೋರುವ ತಾರಸಿಯ ಮೇಲೆ ಕಬ್ಬಿಣದ ಕಂಬಗಳನ್ನು ನೆಟ್ಟು ತಗಡಿನ ಮಾಡು ಹಾಕಿಸುತ್ತಾನೆ. ಇಂದು ಉಡುಪಿ, ಮಂಗಳೂರುಗಳ ಯಾವ ಬೀದಿಯಲ್ಲಿಯೂ ಈ ಎರಡನೆಯ ಮಾಡನ್ನು ಕಾಣಬಹುದು. ಮೊದಲೇ ಇರಬೇಕಾಗಿದ್ದ ಸೂರಿಗೆ ಹೀಗೆ ಎರಡೆರಡು ಬಾರಿ ಹಣ ತೆತ್ತಂತಾಯಿತು.

ಇದು ಈ ದೇಶದವರೊಬ್ಬರ ತಪ್ಪಲ್ಲ. ಕೆನಡಾದ ಪಶ್ಚಿಮ ತೀರದ ವ್ಯಾಂಕೂವರ್ ನಗರದಲ್ಲಿ 1980 ಹಾಗೂ 1990ರ ದಶಕಗಳಲ್ಲಿ ಸೂರಿಲ್ಲದ, ಹೊರಮೈಯನ್ನು ಗಾರೆಯಿಂದ ಬಿಗಿದ ಸಾವಿರಾರು ವಸತಿಗಳು ಒಳಗೊಳಗೇ ಕೊಳೆತುಹೋದವು. ಮುಂಬಯಿಯಷ್ಟು ಮಳೆ ಅಲ್ಲಿಲ್ಲ. ಆದರೆ ಮರದ ಚೌಕಟ್ಟಿನ ಆ ಗೋಡೆಗಳೊಳಗೆ ಹೊಕ್ಕ ನೀರಿಗೆ ಆರುವ ದಾರಿಯಿರಲಿಲ್ಲ. ಆ ಪ್ರಾಂತದ ಮಾಜಿ ಮುಖ್ಯಸ್ಥರಾದ ಡೇವ್ ಬ್ಯಾರೆಟ್ ಅವರ ನೇತೃತ್ವದ ಆಯೋಗವು 1998ರಲ್ಲಿ ಇದರ ವಿಚಾರಣೆ ನಡೆಸಿತು. ಅನಂತರ ಅಲ್ಲಿ ರೂಢಿಗೆ ಬಂದ ಪದ್ಧತಿ ಯಾವುದು? ಹೊರಗೊಂದು ಕವಚ, ಅದರ ಹಿಂದೆ ಗಾಳಿಯ ತೆರಪು, ನೀರು ಇಳಿದುಹೋಗಲು ಕೆಳಗೆ ಬಾಯಿ. ಮಡಲಿನ ತಟ್ಟಿ ಕಟ್ಟಿದ ಅಜ್ಜಂದಿರಿಗೆ ಇದರಲ್ಲಿ ಹೊಸತೇನೂ ಕಾಣುತ್ತಿರಲಿಲ್ಲ.

ಹಾಗೆಂದು ಪುನಃ ಸುಣ್ಣಕ್ಕೂ ಮಡಲಿಗೂ ಮರಳಬೇಕೆಂದರೆ ಅದು ಒಪ್ಪತಕ್ಕ ಮಾತೆ? ಸುಣ್ಣದ ಗುಣಗಳು ನಿರ್ವಿವಾದ: ಅದು ಆವಿಯನ್ನು ಹೊರಬಿಡುತ್ತದೆ, ಅದರ ಕ್ಷಾರಗುಣದಿಂದ ಬೂಷ್ಟು ಸುಲಭವಾಗಿ ಹತ್ತುವುದಿಲ್ಲ. ಆದರೆ ಅದನ್ನು ವರ್ಷಕ್ಕೊಮ್ಮೆ ಬಳಿಯಬೇಕು. ವರ್ಷದಲ್ಲಿ ಹನ್ನೊಂದು ತಿಂಗಳು ಬೀಗ ಹಾಕಿದ ಮನೆಗೆ, ಇಲ್ಲವೆ ಎಪ್ಪತ್ತು ದಾಟಿದ ತಾಯಿಯೊಬ್ಬಳೇ ಇರುವ ಮನೆಗೆ, ಸುಣ್ಣ ಬಳಿಯುವವರು ಯಾರು? ಬಳಿಯಲು ಬರುವ ಕೂಲಿಯವರಾದರೂ ಎಲ್ಲಿ? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದುದರಿಂದ ಒಮ್ಮೆ ಮಾಡಿ ಬಹುಕಾಲ ಬಾಳುವ ಕೆಲಸಗಳಿಗೇ ಮೊದಲು ಹಣ ಹಾಕುವುದು ಲೇಸು. ಅವುಗಳಲ್ಲಿ ಮೊದಲನೆಯದು ಸೂರು, ಬಣ್ಣವಲ್ಲ. ಹೊಸದಾಗಿ ಕಟ್ಟಿಸುವವರು ಪಡುವಣ ಹಾಗೂ ತೆಂಕಣ ಗೋಡೆಗಳ ಮೇಲೆ ಕನಿಷ್ಠ ಮೂರಡಿಯ ಚಾಚನ್ನು ನಕ್ಷೆಯಲ್ಲಿಯೇ ಸೇರಿಸಬೇಕು. ಕಿಟಕಿಗಳ ಮೇಲಿನ ಚಜ್ಜಾದ ಅಡಿಯಲ್ಲಿ, ಅಂಚಿನಿಂದ ಒಂದೆರಡು ಅಂಗುಲ ಒಳಗೆ, ಹನಿ ಕಡಿದು ಬೀಳುವಂತೆ ಸಣ್ಣ ಗೀರು ಕೊರೆಯಿಸಬೇಕು. ಈ ಗೀರಿಗೆ ತಗಲುವ ಖರ್ಚು ಏನೂ ಇಲ್ಲವೆನ್ನುವಷ್ಟು ಅಲ್ಪ. ಆದರೂ ಹತ್ತು ಮನೆಗಳಲ್ಲಿ ಎಂಟರಲ್ಲಿ ಮೇಸ್ತ್ರಿ ಅದನ್ನು ಮರೆಯುತ್ತಾನೆ, ಮನೆಯೊಡೆಯನು ಕೇಳುವುದಿಲ್ಲ.

ಗಾರೆಯಲ್ಲಿ ಸಿಮೆಂಟನ್ನು ಬಿಡಲಾರದವರು ಅದರೊಡನೆ ಸುಣ್ಣವನ್ನೂ ಕೂಡಿಸಬಹುದು. ಒಂದು ಪಾಲು ಸಿಮೆಂಟು, ಒಂದು ಪಾಲು ಸುಣ್ಣ, ಆರು ಪಾಲು ಮರಳು ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಮಿಶ್ರಣ. ಅದು ಬರಿಯ ಸಿಮೆಂಟಿನಷ್ಟು ಬಿರುಸಲ್ಲದ್ದರಿಂದ ಬಿರಿಯುವುದು ಕಡಿಮೆ. ಹೊರಗೋಡೆಗೆ ಎರಡು ಪದರಗಳಲ್ಲಿ ಒಟ್ಟು 20 ಮಿ.ಮೀ. ದಪ್ಪ, ಕನಿಷ್ಠ ಏಳು ದಿನ ನೀರುಣಿಸುವುದು, ಕಲ್ಲಿನ ಗೋಡೆಯೂ ಕಾಂಕ್ರೀಟ್ ಕಂಬವೂ ಕೂಡುವ ಕಡೆ ಸತುವಿನ ಲೇಪವಿರುವ ಜಾಲರಿ: ಇಷ್ಟನ್ನು ಪಾಲಿಸಬೇಕು. ಉಪ್ಪಿನ ಮರಳನ್ನು ಎಂದೂ ಬಳಸಕೂಡದು. ಬಣ್ಣ ಕೊಳ್ಳುವಾಗ ಅದು ಎಷ್ಟು ಹೊಳೆಯುತ್ತದೆಂದು ಕೇಳುವುದಕ್ಕಿಂತ, ಗೋಡೆಯ ಆವಿಯನ್ನು ಹೊರಬಿಡುತ್ತದೆಯೆ ಎಂದು ಕೇಳುವುದು ಬುದ್ಧಿವಂತಿಕೆ. ಹೊರಗೋಡೆಗೆ ಹೊಳೆಯುವ ಟೈಲುಗಳನ್ನು ಅಂಟಿಸುವ ಈಚಿನ ಚಟದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ: ಸಂದುಗಳಿಂದ ನೀರು ಹೊಗುತ್ತದೆ, ಹಿಂದೆ ನಿಲ್ಲುತ್ತದೆ, ಒಂದು ದಿನ ಟೈಲು ಕಳಚಿ ಕೆಳಗಿದ್ದವರ ತಲೆಯ ಮೇಲೆ ಬೀಳುತ್ತದೆ.

ಈಗಾಗಲೇ ಕೆಟ್ಟಿರುವ ಪಡುವಣ ಗೋಡೆಗೆ ಹಲಗೆಯ ಕವಚ ಹೊದಿಸುವುದು ಒಳ್ಳೆಯ ಉಪಾಯ. ಇದಕ್ಕೆ ಆಸ್ಬೆಸ್ಟಾಸ್ ಇಲ್ಲದ, ನಾರು ಬೆರೆಸಿದ ಸಿಮೆಂಟಿನ ಹಲಗೆಗಳು ದೊರೆಯುತ್ತವೆ. ಆದರೆ ಹಲಗೆಯನ್ನು ಗೋಡೆಗೇ ನೇರವಾಗಿ ಜಡಿದರೆ ಅದೂ ತಾಡಪತ್ರಿಯ ಗತಿಯೇ. ಪಟ್ಟಿಗಳ ಮೇಲೆ, ಗೋಡೆಯಿಂದ ಒಂದಂಗುಲ ದೂರದಲ್ಲಿ ನಿಲ್ಲಿಸಿ, ಮೇಲೂ ಕೆಳಗೂ ಗಾಳಿಗೆ ಬಾಯಿ ಬಿಟ್ಟು, ಕೀಟಗಳು ಹೊಗದಂತೆ ಆ ಬಾಯಿಗೆ ಬಲೆ ಹಾಕಬೇಕು. ನೆಲದಿಂದ ಅರ್ಧ ಅಡಿಯಾದರೂ ಮೇಲಿರಬೇಕು. ಕೊಯ್ದ ಅಂಚುಗಳಿಗೆಲ್ಲ ಬಣ್ಣದ ಲೇಪ ಬೇಕು. ಮೊಳೆಯ ವಿಷಯದಲ್ಲಿ ಜಿಪುಣತನ ಮಾಡಿದವರು ಎರಡೇ ಮಳೆಗಾಲಗಳಲ್ಲಿ ತುಕ್ಕಿನ ಕಣ್ಣೀರನ್ನು ಗೋಡೆಯ ಮೇಲೆ ನೋಡುತ್ತಾರೆ. ಕಡಲ ಸಮೀಪಕ್ಕೆ 316 ಎಂಬ ದರ್ಜೆಯ ಸ್ಟೇನ್‌ಲೆಸ್ ಉಕ್ಕೇ ತಕ್ಕದ್ದು. ಅದರಲ್ಲಿ ಮಾಲಿಬ್ಡಿನಮ್ ಬೆರೆತಿರುವುದರಿಂದ, ಸಾಮಾನ್ಯವಾದ 304ಕ್ಕಿಂತ ಉಪ್ಪಿಗೆ ಹೆಚ್ಚು ತಾಳುತ್ತದೆ.

ಹಳೆಯ ಆಸ್ಬೆಸ್ಟಾಸ್ ತಗಡುಗಳನ್ನು ಮರೆಯಾಗಿ ಕಟ್ಟಿದವರು ಕರಾವಳಿಯಲ್ಲಿ ಇನ್ನೂ ಬೇಕಾದಷ್ಟು ಮಂದಿ ಇದ್ದಾರೆ. ಆಸ್ಬೆಸ್ಟಾಸಿನ ಎಲ್ಲ ಬಗೆಗಳೂ ಕ್ಯಾನ್ಸರ್‌ಕಾರಕವೆಂಬುದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯ ನಿರ್ಣಯ. ಆ ಉದ್ಯಮದ ಕಾರ್ಮಿಕರ ಆರೋಗ್ಯರಕ್ಷಣೆಯ ಬಗ್ಗೆ ಭಾರತದ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೇ ಆದೇಶ ನೀಡಿತ್ತು. ಇಡಿಯಾಗಿ, ಅಲುಗಾಡದೆ ಇರುವ ತಗಡಿಗಿಂತ, ಒಡೆಯುವ, ಕೊಯ್ಯುವ, ತೂತು ಕೊರೆಯುವ ತಗಡು ಹೆಚ್ಚು ಅಪಾಯಕಾರಿ. ಅದರ ಧೂಳು ಉಸಿರಿನೊಡನೆ ಒಳಸೇರುತ್ತದೆ. ರಜೆಗೆ ಊರಿಗೆ ಹೋದಾಗ ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡು ಇವನ್ನು ಸುತ್ತಿಗೆಯಿಂದ ಒಡೆದು ತೆಗೆಯುವ ಸಾಹಸ ಸಲ್ಲದು. ಅಂಗಡಿ, ಆಸ್ಪತ್ರೆಗಳ ಮುಂದೆ ಮೆರೆಯುವ, ಎರಡು ಅಲ್ಯುಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ತುಂಬಿದ ಫಲಕಗಳನ್ನು ಮನೆಗೆ ಹೊದಿಸಬಯಸುವವರು, 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಗೋಪುರದಲ್ಲಿ 72 ಜನರು ಬಲಿಯಾದ ಬೆಂಕಿ ಅಂತಹುದೇ ಫಲಕಗಳ ಮೂಲಕ ಹಬ್ಬಿತೆಂಬುದನ್ನು ನೆನೆಯಬೇಕು.

ಇನ್ನು ಮುಂಬಯಿಯ ಬ್ಲಾಕಿನ ಮಾತು. ಇಲ್ಲಿ ಗೋಡೆಯ ಹಿಂದೆ ಉಕ್ಕಿನ ಸರಳುಗಳಿವೆ. ಉಪ್ಪುನೀರು ಮುಟ್ಟಿದ ಸರಳು ತುಕ್ಕು ಹಿಡಿದು ಎರಡು ಪಟ್ಟಿಗೂ ಹೆಚ್ಚು ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ತೀರಪ್ರದೇಶದ ವಾತಾವರಣಕ್ಕೆ ಒಡ್ಡಿದ ಕಾಂಕ್ರೀಟಿನಲ್ಲಿ ಸರಳಿನ ಮೇಲೆ 45 ಮಿ.ಮೀ. ಹೊದಿಕೆಯಿರಬೇಕೆಂದು ಭಾರತೀಯ ಮಾನಕ ಸಂಹಿತೆ ವಿಧಿಸಿದ್ದು 2000ದಲ್ಲಿ. ಅದಕ್ಕಿಂತ ಹಳೆಯ ಕಟ್ಟಡಗಳಲ್ಲಿ ಅಷ್ಟು ಹೊದಿಕೆಯನ್ನು ನಿರೀಕ್ಷಿಸುವಂತಿಲ್ಲ. ಬಿರಿದ ಕಂಬದ ಮೇಲೆ ಬಣ್ಣ ಬಳಿಸಿ ‘ವಾಟರ್‌ಪ್ರೂಫಿಂಗ್ ಆಯಿತು’ ಎಂದು ವರದಿ ಬರೆಯುವ ಸೊಸೈಟಿಗಳು ಸದಸ್ಯರನ್ನು ಮಾತ್ರವಲ್ಲ, ತಮ್ಮನ್ನೂ ವಂಚಿಸಿಕೊಳ್ಳುತ್ತವೆ. ಹೊರಗೋಡೆಯಿಂದ ಒಳಬರುವ ಮಳೆನೀರನ್ನು ತಡೆಯುವ ಖರ್ಚು ಸೊಸೈಟಿಯದೇ ಎಂದು ಮಹಾರಾಷ್ಟ್ರದ ಮಾದರಿ ಉಪವಿಧಿಗಳು ಹೇಳುತ್ತವೆ. ಆದರೆ ಮಹಾಸಭೆಯಲ್ಲಿ ಪಡುವಣ ಬದಿಯ ಬ್ಲಾಕಿನವರು ಸದಾ ಅಲ್ಪಸಂಖ್ಯಾತರು. ಮೂಡಣ ಬದಿಯವರಿಗೆ ಸೋರಿಕೆಯಿಲ್ಲ, ಕೆಮ್ಮೂ ಇಲ್ಲ. ಅವರು ಅತಿ ಕಡಿಮೆ ದರದ ಟೆಂಡರಿಗೆ ಕೈಯೆತ್ತುತ್ತಾರೆ. ಕೆಲಸ ಮೇ ತಿಂಗಳಲ್ಲಿ ಆರಂಭವಾಗಿ, ಗಾರೆ ಒಣಗುವ ಮೊದಲೇ ಮಳೆ ಬಂದು, ಮುಂದಿನ ವರ್ಷಕ್ಕೆ ಪುನಃ ಅದೇ ಕತೆ.

ಗೋಡೆಯ ಕೆಲಸಕ್ಕೆ ತಕ್ಕ ಕಾಲ ದೀಪಾವಳಿ ಕಳೆದ ಮೇಲಿನದು. ನವೆಂಬರಿನಿಂದ ಫೆಬ್ರವರಿಯವರೆಗೆ ಗೋಡೆ ಒಣಗಿರುತ್ತದೆ, ಕೆಲಸಗಾರರಿಗೂ ಅವಸರವಿರದು. ಅದರ ನಿರ್ಧಾರವಾಗುವ ವಾರ್ಷಿಕ ಮಹಾಸಭೆಯಾದರೋ ಸೆಪ್ಟೆಂಬರ್ 30ರೊಳಗೆ ನಡೆಯತಕ್ಕದ್ದು. ಆ ಹೊತ್ತಿಗೆ ಕಲೆ ಇನ್ನೂ ಹಸಿಯಾಗಿರುತ್ತದೆ. ಜುಲೈ ಆಗಸ್ಟ್ ತಿಂಗಳುಗಳಲ್ಲಿ ಅದರ ಅಂಚನ್ನು ಪೆನ್ಸಿಲಿನಿಂದ ಗುರುತಿಸಿ, ತಾರೀಕು ಬರೆದು, ಚಿತ್ರ ತೆಗೆದಿಟ್ಟುಕೊಂಡರೆ ಸಭೆಯಲ್ಲಿ ವಾದಕ್ಕೆ ಆಧಾರ ದೊರೆಯುತ್ತದೆ. ಅಲ್ಲಿಯವರೆಗೆ ಮಂಚವನ್ನೂ ಕಪಾಟನ್ನೂ ಆ ಗೋಡೆಯಿಂದ ನಾಲ್ಕಂಗುಲ ದೂರ ಸರಿಸಿಡುವುದು, ಬೂಷ್ಟನ್ನು ಒಣಬಟ್ಟೆಯಿಂದ ಕೊಡವದೆ ಸಾಬೂನಿನ ನೀರಿನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸುವುದು, ಅಸ್ತಮಾ ಇರುವವರನ್ನು ಆ ಕೋಣೆಯಲ್ಲಿ ಮಲಗಿಸದಿರುವುದು: ಇಷ್ಟನ್ನು ಯಾವ ಠರಾವಿಗೂ ಕಾಯದೆ ಇಂದೇ ಮಾಡಬಹುದು.