ಹೋಗಿ ಬಾ

ಒಂಟಿಯಾಗಿ ಪ್ರಯಾಣ ಮಾಡುವುದು ನಮ್ಮ ಜನಕ್ಕೆ ಅಷ್ಟಾಗಿ ಒಗ್ಗಿದ ವಿದ್ಯೆಯಲ್ಲ. ಮುಂಬಯಿಯಿಂದ ಹುಬ್ಬಳ್ಳಿಗೆ ಹೊರಟ ಒಬ್ಬನನ್ನು ರೈಲು ಹತ್ತಿಸಲು ನಾಲ್ವರು ಬರುತ್ತಾರೆ. ಒಬ್ಬರು ಬುತ್ತಿ ಕೊಡುತ್ತಾರೆ, ಒಬ್ಬರು ನೀರು ಕೊಡುತ್ತಾರೆ, ಮಿಕ್ಕ ಇಬ್ಬರು ಬುದ್ಧಿವಾದ ಕೊಡುತ್ತಾರೆ. ಗಾಡಿ ಅಲುಗಿತೆಂದರೆ ನಾಲ್ವರದೂ ಒಂದೇ ಕೂಗು: “ತಲುಪಿದ ಕೂಡಲೇ ಕಾಗದ ಬರಿ!” ಈಗ ಕಾಗದ ಹೋಗಿ ಫೋನು ಬಂದಿದೆ; ಕೂಗು ಮಾತ್ರ ಹೋಗಿಲ್ಲ.

ಹೀಗಿರಲು ನಮ್ಮ ಸಂಘದ ಸದಸ್ಯೆಯೊಬ್ಬರು ನಮಗೊಂದು ಕಠಿಣ ಪ್ರಶ್ನೆ ಹಾಕಿದ್ದಾರೆ. ಅಮೆರಿಕದಲ್ಲಿ ಉದ್ಯೋಗದಲ್ಲಿರುವ ಅವರ ಮಗಳು ಒಂದು ಮನೆಗಾಡಿಯನ್ನು ಬಾಡಿಗೆಗೆ ಹಿಡಿದು, ಸಾಕಿದ ನಾಯಿಯನ್ನು ಕೂರಿಸಿಕೊಂಡು, ಒಬ್ಬಳೇ ಗುಹೆಗಳನ್ನು ನೋಡಲು ಹೊರಟಿದ್ದಾಳಂತೆ. “ಬೇಡವೆನ್ನಲೋ, ಹೂಂ ಎನ್ನಲೋ, ನೀವೇ ಹೇಳಿ” ಎಂದರು. ಗುಮಾಸ್ತರಾದ ನಾವು ಇಂಥ ಕಡತವನ್ನು ಮೇಲಧಿಕಾರಿಗಳ ಮೇಜಿಗೆ ಸಾಗಿಸುವುದು ವಾಡಿಕೆ. ಈ ಅಂಕಣಕ್ಕೆ ಮೇಲಧಿಕಾರಿಗಳಿಲ್ಲದ ಕಾರಣ ಟಿಪ್ಪಣಿಯನ್ನು ನಾವೇ ಬರೆಯಬೇಕಾಗಿದೆ.

ಮೊದಲು ಗಾಡಿಯ ವಿಚಾರ. ಅಲ್ಲಿನವರು ಆರ್.ವಿ. ಎಂದು ಕರೆಯುವ ಈ ವಾಹನದಲ್ಲಿ ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲವೂ ಉಂಟು. ನಮ್ಮಲ್ಲಿ ಅನೇಕರ ಬಾಡಿಗೆ ಮನೆಗಿಂತ ಹೆಚ್ಚು ಅನುಕೂಲ. ಇದರಲ್ಲಿ ನಾಯಿಯೊಡನೆ ತಿರುಗುವುದು ಹೊಸ ಹುಚ್ಚೇನೂ ಅಲ್ಲ. ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ, ತಮ್ಮ 58ನೆಯ ವಯಸ್ಸಿನಲ್ಲಿ, ಟ್ರಕ್ಕಿನ ಮೇಲೆ ಕೋಣೆ ಕಟ್ಟಿಸಿಕೊಂಡು, ಚಾರ್ಲಿ ಎಂಬ ಪೂಡಲ್ ಜಾತಿಯ ನಾಯಿಯೊಡನೆ ದೇಶ ಸುತ್ತಿದರು. ಗಾಡಿಗೆ ಡಾನ್ ಕ್ವಿಕ್ಸೋಟನ ಕುದುರೆಯ ಹೆಸರಿಟ್ಟಿದ್ದರು. 1962ರಲ್ಲಿ ಆ ಪ್ರವಾಸದ ಪುಸ್ತಕ ಬಂತು. ಅದೇ ವರ್ಷ ನೊಬೆಲ್ ಪಾರಿತೋಷಕವೂ ಬಂತು. ಹಾಗೆಂದು ಅವರು ದಾರಿಯುದ್ದಕ್ಕೂ ಒಂಟಿಯಾಗಿರಲಿಲ್ಲ. ನಡುನಡುವೆ ಹೆಂಡತಿ ಬಂದು ಕೂಡಿಕೊಳ್ಳುತ್ತಿದ್ದರು. ಒಂಟಿ ಸಂಚಾರವೆಂದರೆ ಯಾರಿಗೂ ಸುಳಿವು ಕೊಡದೆ ಹೋಗುವುದು ಎಂದೇನೂ ಅರ್ಥವಿಲ್ಲ.

ಇನ್ನು ನಾಯಿ. ದಾರಿಯಲ್ಲಿ ಅದರಂಥ ಸಂಗಾತಿಯಿಲ್ಲ. ಅಪರಿಚಿತರು ನಾಯಿಯನ್ನು ಮಾತಾಡಿಸುವ ನೆವದಲ್ಲಿ ಯಜಮಾನಿಯನ್ನೂ ಮಾತಾಡಿಸುತ್ತಾರೆ. ತೊಡಕಿರುವುದು ಗುಹೆಯ ಬಾಗಿಲಲ್ಲಿ. ಅಮೆರಿಕದ ಅನೇಕ ಪ್ರಸಿದ್ಧ ಗುಹೆಗಳೊಳಕ್ಕೆ ಸಾಕುನಾಯಿಗಳನ್ನು ಬಿಡುವುದಿಲ್ಲ. ಗಾಡಿಯಲ್ಲೇ ಕೂಡಿಹಾಕಿ ಹೋದರಾಯಿತೆನ್ನುವುದು ಘಾತುಕದ ಮಾತು. ಹೊರಗೆ ಹಿತವಾದ 21 ಡಿಗ್ರಿ ಸೆಲ್ಸಿಯಸ್ ಇದ್ದರೂ, ಬಿಸಿಲಲ್ಲಿ ನಿಂತ ಮುಚ್ಚಿದ ಕಾರಿನೊಳಗೆ ಹತ್ತು ನಿಮಿಷಕ್ಕೆ 32, ಅರ್ಧ ಗಂಟೆಗೆ 40 ಡಿಗ್ರಿ ಏರಬಲ್ಲದು. ಮೂಕಪ್ರಾಣಿ ಯಾರಿಗೆ ದೂರು ಕೊಟ್ಟೀತು? ಕೆಲವು ಗುಹೆಗಳ ಬಳಿ ಹಣ ಪಡೆದು ನಾಯಿಯನ್ನು ನೋಡಿಕೊಳ್ಳುವ ಗೂಡುಗಳಿವೆ. ಹೊರಡುವ ಮುನ್ನವೇ ವಿಚಾರಿಸಿ, ಜಾಗ ಕಾದಿರಿಸಿಕೊಳ್ಳಬೇಕು.

ಈಗ ಗುಹೆ. ನಮಗೆ ಗುಹೆಯೆಂದ ಕೂಡಲೇ ನೆನಪಾಗುವುದು ಬಾದಾಮಿ, ಇಲ್ಲವೇ ಮುಂಬಯಿಯ ಕಾನ್ಹೇರಿ. ಅವು ಮನುಷ್ಯನ ಉಳಿ ಕಡೆದವು. ಕಂಬ ಎಲ್ಲಿ, ಗೋಡೆ ಎಲ್ಲಿ ಎಂಬುದಕ್ಕೆ ಲೆಕ್ಕವುಂಟು. ಕೆಂಟಕಿ ಪ್ರಾಂತದ ಮ್ಯಾಮತ್ ಗುಹೆಯನ್ನು ಕಡೆದದ್ದು ನೀರು. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲ ವಾಯುವನ್ನು ಹೀರಿ ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿ ಸುಣ್ಣಕಲ್ಲನ್ನು ಲಕ್ಷಾಂತರ ವರ್ಷ ಕರಗಿಸುತ್ತದೆ. ಈವರೆಗೆ ಅಳೆದಿರುವ ದಾರಿಯೇ 420 ಮೈಲಿಗೂ ಹೆಚ್ಚು. ಜಗತ್ತಿನಲ್ಲಿ ತಿಳಿದಿರುವ ಗುಹೆಗಳಲ್ಲೆಲ್ಲ ಇದೇ ಉದ್ದ. ಇದರ ಅನೇಕ ದಾರಿಗಳನ್ನು ಮೊದಲು ತೋರಿಸಿಕೊಟ್ಟವರಲ್ಲಿ ಪ್ರಮುಖ ಸ್ಟೀಫನ್ ಬಿಷಪ್, 1838ರಲ್ಲಿ ಅಲ್ಲಿ ಮಾರ್ಗದರ್ಶಿಯಾದ ಒಬ್ಬ ಗುಲಾಮ. ನೀರಿಗೆ ಶಿಲ್ಪಶಾಸ್ತ್ರ ತಿಳಿಯದು. ಅದು ಬಿಟ್ಟ ಸಂದಿಯಲ್ಲಿ ಆಳು ನುಸುಳಬಹುದು, ಸಿಕ್ಕಿಯೂ ಬೀಳಬಹುದು.

ಹಾಗೆ ಸಿಕ್ಕಿಬಿದ್ದವನು ಫ್ಲಾಯ್ಡ್ ಕಾಲಿನ್ಸ್. ಅದೇ ಸೀಮೆಯವನು, ಹುಟ್ಟಾ ಗುಹೆಗಾರ. 1925ರ ಜನವರಿ 30ರಂದು ‘ಸ್ಯಾಂಡ್ ಕೇವ್’ ಎಂಬಲ್ಲಿಗೆ ಒಬ್ಬನೇ ಇಳಿದ. ಇಕ್ಕಟ್ಟಾದ ದಾರಿಯಲ್ಲಿ ಹಿಂದಿರುಗುವಾಗ ದೀಪ ಬಿದ್ದು ಆರಿತು. ಸುಮಾರು 12 ಕಿಲೋ ತೂಕದ ಕಲ್ಲೊಂದು ಜಾರಿ ಪಾದವನ್ನು ಹಿಡಿದುಕೊಂಡಿತು. ರಾತ್ರಿ ಬಾರದಿದ್ದುದರಿಂದ ಮರುದಿನ ಬೆಳಿಗ್ಗೆ ನೆರೆಯವರು ಹುಡುಕಿ ಬಂದರು. ಮೈ ಸಣ್ಣದಿದ್ದ ಪತ್ರಕರ್ತರೊಬ್ಬರು ಅವನ ಬಳಿಗೆ ಹಲವು ಸಲ ನುಸುಳಿ ಊಟ ಕೊಟ್ಟರು, ಮಾತಾಡಿಸಿದರು. ಆಮೇಲೆ ದಾರಿಯೇ ಕುಸಿಯಿತು. ಮೇಲೆ ಸಾವಿರಾರು ಜನ ಸೇರಿ ಜಾತ್ರೆಯಾಯಿತು. ತಿಂಡಿ ಅಂಗಡಿಗಳೂ ಎದ್ದವು. ಬಾವಿ ತೋಡಿ ಅವನನ್ನು ಮುಟ್ಟುವಷ್ಟರಲ್ಲಿ ಫೆಬ್ರವರಿ 16 ಆಗಿತ್ತು, ಅವನು ತೀರಿಕೊಂಡಿದ್ದ. ಅಷ್ಟು ಜನದಲ್ಲಿ ಒಬ್ಬನೇ ಒಬ್ಬ ಮೊದಲ ದಿನ ಅವನ ಬೆನ್ನ ಹಿಂದೆ ಇದ್ದಿದ್ದರೆ, ಸುದ್ದಿ ಒಂದು ರಾತ್ರಿ ಮೊದಲೇ ಹೊರಕ್ಕೆ ಮುಟ್ಟುತ್ತಿತ್ತು.

ಅಮೆರಿಕದ ಗುಹಾಸಕ್ತರ ರಾಷ್ಟ್ರೀಯ ಸಂಘ 1941ರಿಂದ ನಡೆದು ಬಂದಿದೆ. ಗುಹೆಗಾರರು ಸಾರುವ ನಿಯಮಗಳು ಸರಳ. ಕಾಡುಗುಹೆಗೆ ಒಬ್ಬರೇ ಇಳಿಯಬಾರದು, ನಾಲ್ವರಿದ್ದರೆ ಮೇಲು. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಕಾವಲಿರಬಹುದು, ಇಬ್ಬರು ಸಹಾಯ ತರಬಹುದು. ತಲೆಗೆ ಶಿರಸ್ತ್ರಾಣ, ಪ್ರತಿಯೊಬ್ಬರಿಗೂ ಮೂರು ದೀಪ. ಎಲ್ಲಕ್ಕೂ ಮುಖ್ಯವಾದದ್ದು, ಯಾವ ಗುಹೆಗೆ ಹೋಗುತ್ತೇವೆ, ಎಷ್ಟು ಗಂಟೆಗೆ ಹೊರಬರುತ್ತೇವೆ ಎಂಬುದನ್ನು ಮೇಲಿರುವ ಒಬ್ಬರಿಗೆ ತಿಳಿಸಿರಬೇಕು. ನೆಲದ ಕೆಳಗೆ ಯಾರ ಫೋನೂ ನುಡಿಯುವುದಿಲ್ಲ. ನಮ್ಮ ಕಚೇರಿಯಲ್ಲೂ ಮೂವ್‌ಮೆಂಟ್ ರಿಜಿಸ್ಟರು ಎಂಬ ಪುಸ್ತಕವುಂಟು. ಎಲ್ಲಿಗೆ, ಯಾವಾಗ, ಮರಳುವುದು ಯಾವಾಗ ಎಂದು ಬರೆದೇ ಹೊರಗೆ ಕಾಲಿಡಬೇಕು. ಚಹಾ ಕುಡಿಯಲು ಹೋಗುವವರಿಗೆ ಅದು ಉಪದ್ರವ. ಗುಹೆಗೆ ಹೋಗುವವರಿಗೆ ಜೀವರಕ್ಷೆ.

ಆದುದರಿಂದ ಆ ತಾಯಿಗೆ ನಮ್ಮ ಟಿಪ್ಪಣಿ ಹೀಗಿದೆ. ಮಗಳು ಹೋಗಲಿ. ಮ್ಯಾಮತ್ತಿನಂಥ ಗುಹೆಯಲ್ಲಿ ಉದ್ಯಾನದ ಸಿಬ್ಬಂದಿಯೇ ತಂಡ ಕಟ್ಟಿ ಕರೆದೊಯ್ಯುತ್ತಾರೆ. ಒಂಟಿಯಾಗಿ ಬಂದವರೂ ಟಿಕೇಟು ಕೊಂಡು ಸೇರಬಹುದು. ಒಳಗೆ 12 ಡಿಗ್ರಿಯ ಚಳಿ, ಸ್ವೆಟರು ಮರೆಯದಿರಲಿ. ಅದಕ್ಕೂ ಆಚೆಯ ಕಾಡುಗುಹೆಗಳ ಆಸೆ ಹುಟ್ಟಿದರೆ ಆ ಸಂಘದ ಊರೂರಿನ ಶಾಖೆಗಳಿವೆ, ‘ಗ್ರಾಟೊ’ ಎಂದು ಅವುಗಳ ಹೆಸರು. ಅಲ್ಲಿ ಸೇರಿ ಕಲಿಯಲಿ. ಪರಊರಿಗೆ ಬಂದ ನಾವೂ ಸಂಘ ಕಟ್ಟಿಕೊಂಡೇ ಬದುಕಿದವರಲ್ಲವೇ? ದಿನದಿನದ ದಾರಿಯನ್ನೂ, ರಾತ್ರಿ ಗಾಡಿ ನಿಲ್ಲಿಸುವ ಜಾಗವನ್ನೂ, ಗುಹೆಯಿಂದ ಹೊರಬರುವ ಹೊತ್ತನ್ನೂ ಬರೆದು, ಅಲ್ಲೇ ಹತ್ತಿರವಿರುವ ಗೆಳತಿಯೊಬ್ಬಳ ಕೈಯಲ್ಲಿಡಲಿ. ಹೊತ್ತು ಮೀರಿದರೆ ಯಾರಿಗೆ ಫೋನು ಮಾಡಬೇಕೆಂಬುದೂ ಆ ಚೀಟಿಯಲ್ಲಿರಲಿ. ಒಂದು ಪ್ರತಿ ಅಮ್ಮನಿಗೂ ಬರಲಿ.

ನಮ್ಮ ಮನೆಗಳಲ್ಲಿ ಹೊರಟವರಿಗೆ ಬರಿಯ ‘ಹೋಗು’ ಎನ್ನುವ ಪದ್ಧತಿಯಿಲ್ಲ, ‘ಹೋಗಿ ಬಾ’ ಎನ್ನುತ್ತೇವೆ. ಹೋಗುವ ಪಾಲು ಮಗಳದು. ಬರುವ ಪಾಲಿಗೆ ಆ ಚೀಟಿ ಬೇಕು.