ಬಸದಿಯ ಕಾರ್ಡ್‌ಲೆಸ್ ಮೈಕು: ಸಾಧನವೋ, ಪ್ರಮಾದವೋ?

ತೀರ್ಥಂಕರರ ಸಮವಸರಣದಲ್ಲಿ ಹನ್ನೆರಡು ಸಭೆಗಳು. ಮುನಿಗಳು, ಆರ್ಯಿಕೆಯರು, ದೇವದೇವಿಯರು, ಮನುಷ್ಯರು, ಕಡೆಗೆ ತಿರ್ಯಂಚ ಜೀವಿಗಳು ಕೂಡ ಅಲ್ಲಿ ತಮ್ಮ ತಮ್ಮ ಸ್ಥಾನಗಳಲ್ಲಿ ಕುಳಿತಿರುತ್ತಾರೆ. ಭಗವಂತನ ದಿವ್ಯಧ್ವನಿ ಪ್ರತಿಯೊಬ್ಬರಿಗೂ ಅವರವರ ಭಾಷೆಯಲ್ಲಿ ತಿಳಿಯುತ್ತದೆಂದು ಪರಂಪರೆ ಹೇಳುತ್ತದೆ. ಮುಂದೆ ಕುಳಿತವನಿಗೆ ಹೆಚ್ಚು, ಹಿಂದೆ ಕುಳಿತವನಿಗೆ ಕಡಿಮೆ ಎಂಬ ಭೇದ ಅಲ್ಲಿಲ್ಲ. ಧರ್ಮಸಭೆಯ ಯೋಗ್ಯತೆಯನ್ನು ಅಳೆಯಲು ಜೈನರಿಗೆ ಇದಕ್ಕಿಂತ ಬೇರೆ ಅಳತೆಗೋಲು ಬೇಕಿಲ್ಲ. ಕಟ್ಟಕಡೆಯಲ್ಲಿ ಕುಳಿತವರಿಗೆ ಮಾತು ತಲುಪಿತೇ ಎಂಬುದೊಂದೇ ಪ್ರಶ್ನೆ.

ಈ ಅಳತೆಗೋಲನ್ನು ಹಿಡಿದು ಇಂದಿನ ಬಸದಿಯ ಸಭೆಯನ್ನು ನೋಡಬೇಕು. ದಶಲಕ್ಷಣ ಪರ್ವದ ಮೊದಲ ದಿನ, ಉತ್ತಮ ಕ್ಷಮೆಯ ಮೇಲೆ ಪ್ರವಚನ. ಏಕಾಶನ ವ್ರತದಲ್ಲಿರುವ ಎಂಬತ್ತು ದಾಟಿದ ಶ್ರಾವಿಕೆಯೊಬ್ಬರು ಹಿಂದಿನ ಕಂಬಕ್ಕೊರಗಿ ಕುಳಿತಿದ್ದಾರೆ. ಕಾರ್ಯದರ್ಶಿಗಳು ಮೈಕಿನ ತಲೆಗೆ ಬೆರಳಿನಿಂದ ಬಡಿದು ಮೂರು ಸಲ ‘ಹಲೋ’ ಎನ್ನುತ್ತಾರೆ. ಸಭಾಂಗಣ ಕಿವಿ ಹರಿಯುವಂತೆ ಕೀರಲಿಡುತ್ತದೆ. ಪ್ರವಚನ ಆರಂಭವಾಗಿ ಕಾಲು ಗಂಟೆಯಾಗುವಷ್ಟರಲ್ಲಿ ಮಾತು ತುಂಡು ತುಂಡಾಗುತ್ತದೆ, ಬಳಿಕ ನಿಂತೇಹೋಗುತ್ತದೆ. ಬ್ಯಾಟರಿ ತರಲು ಹುಡುಗನೊಬ್ಬ ಅಂಗಡಿಗೆ ಓಡುತ್ತಾನೆ. ಪೂಜ್ಯ ಮುನಿಮಹಾರಾಜರು ಕಣ್ಮುಚ್ಚಿ ಮೌನವಾಗಿ ಕಾಯುತ್ತಾರೆ. ಸಭೆ ಮುಗಿದ ಮೇಲೆ ಮೊಮ್ಮಗ ‘ಪ್ರವಚನ ಹೇಗಿತ್ತಜ್ಜಿ?’ ಎಂದರೆ, ‘ಮಹಾರಾಜರ ದರ್ಶನವಾಯಿತಲ್ಲ ಮಗಾ, ಅಷ್ಟೇ ಪುಣ್ಯ’ ಎಂಬ ಉತ್ತರ ಬರುತ್ತದೆ.

ಈ ಉತ್ತರವನ್ನು ಭಕ್ತಿಯೆಂದು ಮೆಚ್ಚಿಕೊಂಡು ಸುಮ್ಮನಿರುವುದು ಟ್ರಸ್ಟುಗಳಿಗೆ ಸುಲಭ. ಆದರೆ ಆ ತಾಯಿ ಕೇಳಲೆಂದು ಬಂದಿದ್ದರು, ಕೇಳದೆ ಹೋದರು. ಚಾತುರ್ಮಾಸ ಮುಗಿದರೆ ಸಂಘ ವಿಹಾರ ಮಾಡುತ್ತದೆ. ಆ ವಯಸ್ಸಿನವರಿಗೆ ಮುಂದಿನ ಚಾತುರ್ಮಾಸದ ಭರವಸೆಯನ್ನು ಯಾವ ಟ್ರಸ್ಟು ಕೊಡಬಲ್ಲದು? ಮುನಿಗಳ ಕ್ಷಮೆ ಅವರ ತಪಸ್ಸಿನ ಫಲ. ಅದು ವ್ಯವಸ್ಥಾಪಕರ ಅಜಾಗರೂಕತೆಗೆ ಸಿಕ್ಕ ರಹದಾರಿಯಲ್ಲ.

ತಪ್ಪು ಯಂತ್ರದ್ದಲ್ಲ. ಕೊಂಡವರು ಅದನ್ನು ಕಲಿಯಲಿಲ್ಲ, ಇಷ್ಟೇ. ಜೈನ ಶಾಸ್ತ್ರದಲ್ಲಿ ಇದಕ್ಕೆ ಹೆಸರಿದೆ, ಪ್ರಮಾದ. ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಮೊದಲು ಹಿಡಿದದ್ದು ಪ್ರಮಾದವನ್ನೇ. ಅನರ್ಥದಂಡವಿರತಿಯ ಅತಿಚಾರಗಳನ್ನು ಎಣಿಸುವಾಗ ತತ್ತ್ವಾರ್ಥಸೂತ್ರವು ಮೌಖರ್ಯ, ಅಸಮೀಕ್ಷ್ಯಾಧಿಕರಣ, ಉಪಭೋಗಪರಿಭೋಗಾನರ್ಥಕ್ಯ ಎಂಬ ಮೂರನ್ನು ಹೆಸರಿಸುತ್ತದೆ. ಅತಿಯಾದ ಮಾತು, ವಿಚಾರಿಸದೆ ಮಾಡುವ ಕಾರ್ಯ, ಅಗತ್ಯಕ್ಕೆ ಮೀರಿದ ವಸ್ತುಸಂಗ್ರಹ ಎಂದು ಇವುಗಳ ಸರಳಾರ್ಥ. ಇಂದಿನ ಬಸದಿಗಳ ಧ್ವನಿವರ್ಧಕ ವ್ಯವಸ್ಥೆಯನ್ನು ಪರೀಕ್ಷಿಸಿದರೆ ಈ ಮೂರೂ ಒಂದೇ ಸೂರಿನಡಿ ಸಿಗುತ್ತವೆ.

ಶ್ವೇತಾಂಬರ ಸಂಪ್ರದಾಯದ ಕೆಲವು ಸಾಧುಸಂಘಗಳು ವಿದ್ಯುತ್ತಿನಲ್ಲಿ ತೇಜಸ್ಕಾಯ ಜೀವಗಳಿವೆಯೆಂದು ಬಗೆದು ಧ್ವನಿವರ್ಧಕವನ್ನೇ ಬಳಸುವುದಿಲ್ಲ. ಕರ್ನಾಟಕದ ದಿಗಂಬರ ಸಭೆಗಳಲ್ಲಿ ಅದು ಬಳಕೆಗೆ ಬಂದು ದಶಕಗಳಾದವು. ಹೀಗಿರುವಾಗ ಮೈಕನ್ನು ನಿರಾಕರಿಸುವವರನ್ನು ಹಳೆಯ ಕಾಲದವರೆಂದು ನಗುವವರಿದ್ದಾರೆ. ಆ ನಗುವಿಗೆ ಆಧಾರವಿಲ್ಲ. ನಿರಾಕರಿಸಿದವರು ‘ಇದರಿಂದ ಹಿಂಸೆಯಾಗುವುದೇ?’ ಎಂಬ ಪ್ರಶ್ನೆಯನ್ನಾದರೂ ಕೇಳಿಕೊಂಡರು. ಒಪ್ಪಿಕೊಂಡವರು ಯಾವ ಪ್ರಶ್ನೆಯನ್ನೂ ಕೇಳಿಕೊಳ್ಳಲಿಲ್ಲ. ಬಳಸುವುದೆಂದು ನಿರ್ಧರಿಸಿದವರ ಹೊಣೆಯೇ ಹೆಚ್ಚಿನದು.

ಮೊದಲನೆಯದು ಕೊಳ್ಳುವ ಮಾತು. ದಾನಿಗಳು ಮುಂದೆ ಬರುತ್ತಾರೆ. ಒಂದು ಮೈಕು ಸಾಕಾಗುವಲ್ಲಿ ನಾಲ್ಕು ಬರುತ್ತವೆ. ಪೆಟ್ಟಿಗೆಯ ಮೇಲೆ ಹೆಸರು ಬರೆಸಲಾಗುತ್ತದೆ. ಯಾವುದಕ್ಕಾಗಿ ತಂತಿಯಿಲ್ಲದ ಮೈಕು ಬೇಕೆಂದು ಕೇಳುವವರಿಲ್ಲ. ದಿಗಂಬರ ಮುನಿಗಳಿಗೆ ಪಿಂಛಿ, ಕಮಂಡಲು, ಶಾಸ್ತ್ರಗಳ ಹೊರತು ಬೇರೆ ಉಪಕರಣವಿಲ್ಲ. ಕಾಲರ್ ಮೈಕನ್ನು ಸಿಕ್ಕಿಸಲು ಅವರಿಗೆ ಕಾಲರಿಲ್ಲ. ಟ್ರಾನ್ಸ್‌ಮಿಟರನ್ನು ಇಡಲು ಜೇಬಿಲ್ಲ. ಅವರು ಆಸನದಲ್ಲಿ ಕುಳಿತು ಉಪದೇಶಿಸುತ್ತಾರೆಯೇ ಹೊರತು ವೇದಿಕೆಯ ಮೇಲೆ ಓಡಾಡುವುದಿಲ್ಲ. ಅವರ ಮುಂದೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ ಸಾಮಾನ್ಯ ತಂತಿಯ ಮೈಕಿಗೆ ಬ್ಯಾಟರಿಯ ಭಯವಿಲ್ಲ, ತರಂಗದ ಗೊಂದಲವಿಲ್ಲ, ಬೆಲೆಯೂ ಕಡಿಮೆ. ಪ್ರವಚನಕ್ಕೆ ಅದೇ ಶ್ರೇಷ್ಠ.

ಹಾಗಾದರೆ ಕಾರ್ಡ್‌ಲೆಸ್ ಮೈಕಿಗೆ ಸ್ಥಾನವೇ ಇಲ್ಲವೇ? ಇದೆ. ಪಂಚಕಲ್ಯಾಣದಲ್ಲಿ ಎರಡೂ ಕೈಗಳಿಂದ ಪೂಜೆ ನಡೆಸುತ್ತ ವೇದಿಯ ಸುತ್ತ ಸಂಚರಿಸುವ ಪ್ರತಿಷ್ಠಾಚಾರ್ಯರಿಗೆ ಅದು ಬೇಕು. ರಥೋತ್ಸವದಲ್ಲಿ ಬೇಕು. ಪ್ರವಚನದ ನಂತರ ಶ್ರಾವಿಕೆಯರು ಕುಳಿತಲ್ಲಿಂದಲೇ ಪ್ರಶ್ನೆ ಕೇಳಲು ಬೇಕು. ಇಷ್ಟಕ್ಕೆ ಎರಡು ಮೈಕುಗಳು ಧಾರಾಳವಾಗಿ ಸಾಕು. ಮಿಕ್ಕದ್ದು ಆನರ್ಥಕ್ಯ.

ಎರಡನೆಯದು ಸ್ಥಾಪಿಸುವ ಮಾತು. ವಸ್ತುವನ್ನು ನೋಡಿ ಎತ್ತಬೇಕು, ನೋಡಿ ಇಡಬೇಕು ಎಂಬ ಆದಾನ-ನಿಕ್ಷೇಪಣ ಸಮಿತಿ ಮುನಿಗಳ ಮೂಲಗುಣಗಳಲ್ಲಿ ಒಂದು. ಶ್ರಾವಕರೂ ಅದರ ಅಂಶವನ್ನಾದರೂ ಪಾಲಿಸಬೇಕಲ್ಲವೇ? ಅನೇಕ ಕಡೆ ರಿಸೀವರನ್ನು ಕಚೇರಿಯ ಉಕ್ಕಿನ ಕಪಾಟಿನಲ್ಲಿಟ್ಟು ಬಾಗಿಲು ಮುಚ್ಚುತ್ತಾರೆ, ಕಳವಿನ ಭಯವಂತೆ. ಉಕ್ಕು ರೇಡಿಯೋ ತರಂಗಗಳನ್ನು ತಡೆಯುತ್ತದೆ. ದಪ್ಪನೆಯ ಕಲ್ಲಿನ ಗೋಡೆ ಕುಂದಿಸುತ್ತದೆ. ಮನುಷ್ಯರ ಶರೀರವೂ ಹೀರುತ್ತದೆ. ಆದ್ದರಿಂದ ರಿಸೀವರು ಸಭಾಂಗಣದೊಳಗೇ ಇರಬೇಕು. ಕುಳಿತವರ ತಲೆಗಳಿಗಿಂತ ಎತ್ತರದಲ್ಲಿರಬೇಕು. ಮೈಕಿಗೂ ಅದಕ್ಕೂ ನಡುವೆ ಕಂಬವಾಗಲಿ ಬೀರುವಾಗಲಿ ಬರಬಾರದು. ಎರಡು ಆಂಟೆನಾಗಳಿದ್ದರೆ ಅವುಗಳನ್ನು ಜೋಡಿಸಿ ಮಡಚಿಡದೆ ಕವಲಿನಂತೆ ಅಗಲಿಸಿ ನಿಲ್ಲಿಸಬೇಕು. ಒಂದಕ್ಕೆ ತಪ್ಪಿದ ತರಂಗ ಮತ್ತೊಂದಕ್ಕೆ ಸಿಗಲೆಂದೇ ಅವು ಎರಡಿರುವುದು.

ಒಂದೇ ತರಂಗಾಂತರದಲ್ಲಿ ಎರಡು ಮೈಕುಗಳು ಒಟ್ಟಿಗೆ ನಡೆಯಲಾರವು. ಬೇರೆ ಬೇರೆ ಅಂಕಿಗಳನ್ನು ಇಟ್ಟರಷ್ಟೇ ಸಾಲದು. 510 ಮತ್ತು 511 ಮೆಗಾಹರ್ಟ್ಸ್‌ಗಳಲ್ಲಿ ಎರಡು ಮೈಕುಗಳಿದ್ದರೆ ಅವುಗಳ ಬೆರಕೆಯಿಂದ 509ರಲ್ಲಿಯೂ 512ರಲ್ಲಿಯೂ ಕಳ್ಳ ತರಂಗಗಳು ಹುಟ್ಟಬಹುದು. ಮೂರನೆಯ ಮೈಕನ್ನು 512ರಲ್ಲಿಟ್ಟವರು ‘ಯಂತ್ರ ಕೆಟ್ಟಿದೆ’ ಎಂದು ದೂರುತ್ತಾರೆ. ಕೆಟ್ಟದ್ದು ಯಂತ್ರವಲ್ಲ, ಲೆಕ್ಕ. ತಯಾರಕರ ಕೈಪಿಡಿಯಲ್ಲಿ ಒಟ್ಟಿಗೆ ಬಳಸಬಹುದಾದ ಚಾನೆಲ್ಲುಗಳ ಪಟ್ಟಿ ಇದ್ದರೆ ಅದರಂತೆ ನಡೆಯಬೇಕು. ಆ ಕೈಪಿಡಿ ಎಷ್ಟು ಟ್ರಸ್ಟುಗಳಲ್ಲಿ ಉಳಿದಿದೆ?

ಕೀರಲು ಶಬ್ದದ ಕಾರಣವೂ ಗುಟ್ಟೇನಲ್ಲ. ಸ್ಪೀಕರಿನಿಂದ ಹೊರಟ ಧ್ವನಿ ಮೈಕಿನೊಳಗೆ ಹೊಕ್ಕು, ಮತ್ತೆ ಸ್ಪೀಕರಿನಿಂದ ಹೊರಟು, ಸುತ್ತು ಬೆಳೆಯುತ್ತ ಹೋದರೆ ಅದು ಕೀರಲಾಗುತ್ತದೆ. ಸ್ಪೀಕರುಗಳು ಮೈಕಿಗಿಂತ ಮುಂದೆ, ಸಭಿಕರ ಕಡೆ ಮುಖ ಮಾಡಿರಬೇಕು. ಕಾರ್ಡ್‌ಲೆಸ್ ಮೈಕು ಹಿಡಿದವರು ಸ್ಪೀಕರಿನ ಎದುರಿಗೆ ಹೋಗಬಾರದು. ಮೈಕಿನ ಜಾಲರಿಯನ್ನು ಅಂಗೈಯಿಂದ ಮುಚ್ಚಿ ಹಿಡಿದರೆ ಕೀರಲು ಹೆಚ್ಚುತ್ತದೆ. ಆಂಟೆನಾ ಇರುವ ಬುಡವನ್ನು ಮುಷ್ಟಿಯಿಂದ ಮುಚ್ಚಿದರೆ ತರಂಗ ಕುಗ್ಗುತ್ತದೆ. ನಡುವೆ ಹಿಡಿಯುವುದೇ ಸರಿ. ಬಾಯಿಗೂ ಮೈಕಿಗೂ ಇರುವ ಅಂತರ ಇಮ್ಮಡಿಯಾದರೆ ಮೈಕಿಗೆ ನೇರವಾಗಿ ತಲುಪುವ ಧ್ವನಿ 6 ಡೆಸಿಬೆಲ್‌ನಷ್ಟು ಇಳಿಯುತ್ತದೆ. ಅದನ್ನು ಸರಿದೂಗಿಸಲು ಗುಂಡಿ ತಿರುಗಿಸಿದಾಗ ಮಾತಿನ ಜೊತೆಗೆ ಫ್ಯಾನಿನ ಸದ್ದೂ ಮಕ್ಕಳ ಗಲಾಟೆಯೂ ಏರುತ್ತವೆ.

ಕಲ್ಲಿನ ಬಸದಿಗಳ ಸ್ವಭಾವ ಇನ್ನೂ ಸೂಕ್ಷ್ಮವಾದದ್ದು. ಕಲ್ಲು ಧ್ವನಿಯನ್ನು ಹೀರುವುದಿಲ್ಲ, ಹಿಂದಿರುಗಿಸುತ್ತದೆ. ಅಲ್ಲಿ ಎರಡು ದೊಡ್ಡ ಪೆಟ್ಟಿಗೆಗಳನ್ನಿಟ್ಟು ಸದ್ದು ಏರಿಸಿದಷ್ಟೂ ಮಾತು ಮಾರ್ದನಿಯಲ್ಲಿ ಮುಳುಗುತ್ತದೆ. ಸಣ್ಣ ಸ್ಪೀಕರುಗಳನ್ನು ಸಭಿಕರ ಸಮೀಪದಲ್ಲಿ ಹಂಚಿ, ಪ್ರತಿಯೊಂದನ್ನೂ ಮೆಲ್ಲನೆ ನುಡಿಸುವುದೇ ಕ್ರಮ. ವೃದ್ಧರ ಕಿವಿಯಲ್ಲಿ ಮೊದಲು ಕುಂದುವುದು ಸಾಮಾನ್ಯವಾಗಿ ಎತ್ತರದ ಸ್ವರಗಳ ಗ್ರಹಣಶಕ್ತಿ. ಸಕಾರ, ಶಕಾರ, ತಕಾರಗಳು ಅವರಿಗೆ ತಪ್ಪುತ್ತವೆ. ಅವರಿಗೆ ಬೇಕಾದದ್ದು ಸ್ಪಷ್ಟತೆ. ಕೊಡುವುದು ಅಬ್ಬರ.

ಮೂರನೆಯದು ಅಸ್ತೇಯದ ಮಾತು. ರೇಡಿಯೋ ತರಂಗಗಳು ಯಾರ ಮನೆಯ ಸೊತ್ತೂ ಅಲ್ಲ. ಅವುಗಳ ಹಂಚಿಕೆ ಕೇಂದ್ರ ಸರ್ಕಾರದ ಕೈಯಲ್ಲಿದೆ. 2022ರ ಹರಾಜಿನಲ್ಲಿ 700 ಮೆಗಾಹರ್ಟ್ಸ್ ಪಟ್ಟಿಯ ತರಂಗಗಳು ಮೊಬೈಲ್ ಸೇವೆಗಾಗಿ ಮಾರಾಟವಾದವು. ಆ ಪಟ್ಟಿಯಲ್ಲಿ ನಡೆಯುವ ಹಳೆಯ ಮೈಕುಗಳನ್ನು ಬಳಸಿದರೆ ಪ್ರವಚನಕ್ಕೂ ಅಡ್ಡಿ, ಅವರ ಸೇವೆಗೂ ಅಡ್ಡಿ. ಪರವಾನಗಿಯಿಲ್ಲದೆ ಬಳಸಬಹುದಾದ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ವೈ-ಫೈ, ಬ್ಲೂಟೂತ್‌ಗಳ ಸಂತೆಯೇ ನೆರೆದಿದೆ. ನೂರಾರು ಮೊಬೈಲುಗಳಿರುವ ಸಭೆಯಲ್ಲಿ ಅಂಥ ಮೈಕು ತಡವರಿಸಿದರೆ ಆಶ್ಚರ್ಯವಿಲ್ಲ. ಕೊಳ್ಳುವ ಮುನ್ನ ಯಾವ ತರಂಗಾಂತರ, ಅದಕ್ಕೆ ಮಾನ್ಯತೆಯ ಪತ್ರವಿದೆಯೇ ಎಂದು ಮಾರುವವನನ್ನು ಕೇಳಬೇಕು. ರಾಜ್ಯದ ನಿಯಮವನ್ನು ಮೀರುವ ವಿರುದ್ಧರಾಜ್ಯಾತಿಕ್ರಮವನ್ನು ಶಾಸ್ತ್ರಕಾರರು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಸೇರಿಸಿದ್ದಾರೆ. ತಕ್ಕಡಿಯಲ್ಲಿ ಗುಲಗಂಜಿಯಷ್ಟು ಹೆಚ್ಚುಕಡಿಮೆಯಾಗದಂತೆ ಕಾಯುವ ವ್ಯಾಪಾರಿ, ಕಣ್ಣಿಗೆ ಕಾಣದ ತರಂಗದಲ್ಲಿ ಕೊಡದಿದ್ದನ್ನು ತೆಗೆದುಕೊಳ್ಳಬಹುದೇ?

ನಾಲ್ಕನೆಯದು ನೆರೆಹೊರೆಯ ಮಾತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿದ ಸಭಾಂಗಣದೊಳಗಲ್ಲದೆ ಬಳಸುವಂತಿಲ್ಲ. ಸುಪ್ರೀಂ ಕೋರ್ಟು 2005ರಲ್ಲಿ ಇದನ್ನು ಎತ್ತಿಹಿಡಿದಿದೆ. ಇತರರೂ ಮೀರುತ್ತಾರೆ, ಬಸದಿಯ ಮೇಲೆ ಮಾತ್ರ ಏಕೆ ಆಕ್ಷೇಪ ಎಂದು ಕೆಲವರು ವಾದಿಸುತ್ತಾರೆ. ಇತರರು ರಾತ್ರಿ ಉಣ್ಣುತ್ತಾರೆಂದು ಜೈನರು ಉಣ್ಣತೊಡಗಿದರೇ? ಇರುವೆಯನ್ನು ತುಳಿಯದಂತೆ ನಡೆಯುವವರ ಅಭಿಷೇಕದ ಸ್ತೋತ್ರ, ಬೆಳಗಿನ ಜಾವ ಐದಕ್ಕೆ ಪಕ್ಕದ ಮನೆಯ ರೋಗಿಯ ನಿದ್ದೆಯನ್ನು ಕೆಡಿಸಿದರೆ ಅದನ್ನು ಪುಣ್ಯವೆಂದು ಯಾವ ಪಂಡಿತರೂ ಹೇಳಲಾರರು. ಸಭೆಯ ಧ್ವನಿ ಸಭೆಯಲ್ಲಿ ಕುಳಿತವರಿಗೆ ಸಾಕು. ಪೂಜೆಯ ಸವಾಲು ಹಿಡಿದವರ ಹೆಸರನ್ನು ಓಣಿಗೆಲ್ಲ ಕೇಳಿಸುವುದು ಮೌಖರ್ಯವಲ್ಲದೆ ಮತ್ತೇನು?

ತೀರಿದ ಬ್ಯಾಟರಿಗಳನ್ನು ಬಸದಿಯ ಹಿತ್ತಿಲಿಗೆ ಎಸೆಯುವ ರೂಢಿಯೂ ಉಂಟು. ಪೃಥ್ವೀಕಾಯದ ಜೀವಗಳನ್ನು ನಂಬುವವರು ಮಾಡತಕ್ಕ ಕೆಲಸವಲ್ಲ ಇದು. 2022ರಿಂದ ಬ್ಯಾಟರಿ ತ್ಯಾಜ್ಯಕ್ಕೆ ಪ್ರತ್ಯೇಕ ನಿಯಮಗಳೇ ಬಂದಿವೆ. ಅವನ್ನು ಬೇರೆಯಾಗಿ ಕೂಡಿಟ್ಟು ತ್ಯಾಜ್ಯ ಸಂಗ್ರಹಿಸುವವರಿಗೇ ಒಪ್ಪಿಸಬೇಕು.

‘ನಾವು ಇಂಜಿನಿಯರುಗಳಲ್ಲ, ಮೈಕಿನವನು ನೋಡಿಕೊಳ್ಳುತ್ತಾನೆ’ ಎಂಬುದು ಧರ್ಮದರ್ಶಿಗಳ ಸಿದ್ಧ ಉತ್ತರ. ಅವರು ಲೆಕ್ಕಪರಿಶೋಧಕರೂ ಅಲ್ಲ. ಆದರೂ ಟ್ರಸ್ಟಿನ ಜಮಾಖರ್ಚನ್ನು ಓದಿಯೇ ಸಹಿ ಹಾಕುತ್ತಾರೆ. ಆಸ್ತಿಪಟ್ಟಿಯಲ್ಲಿ ಮೈಕಿನ ಬೆಲೆ ಇದೆ. ವರ್ಷವರ್ಷವೂ ಸವಕಳಿ ಕಳೆಯಲಾಗುತ್ತದೆ. ಅದನ್ನು ನಡೆಸಲು ಬಲ್ಲವರು ಯಾರೆಂಬ ಕಲಮು ಮಾತ್ರ ಯಾವ ಪುಸ್ತಕದಲ್ಲಿಯೂ ಇಲ್ಲ. ಸರಕು ದಾಸ್ತಾನಿದ್ದು ಗಿರಾಕಿ ಬರಿಗೈಯಲ್ಲಿ ಹೋಗುವ ಅಂಗಡಿಯನ್ನು ಯಾವ ವ್ಯಾಪಾರಿ ಲಾಭದ ಅಂಗಡಿಯೆನ್ನುತ್ತಾನೆ?

ಆಗಬೇಕಾದದ್ದು ಬಹಳವಿಲ್ಲ. ಸಮಾಜದ ಇಬ್ಬರು ತರುಣರು, ಇಬ್ಬರು ತರುಣಿಯರು ಈ ವಿದ್ಯೆಯನ್ನು ಕ್ರಮವಾಗಿ ಕಲಿಯಲಿ. ಅದನ್ನೂ ಸ್ವಾಧ್ಯಾಯದಂತೆ ಸೇವೆಯೆಂದೇ ಎಣಿಸಲಿ. ಪ್ರತಿ ಸಭೆಗೆ ಅರ್ಧ ಗಂಟೆ ಮೊದಲು ಹೊಸ ಬ್ಯಾಟರಿ ಹಾಕಿ, ತಂತಿಯ ಮೈಕೊಂದನ್ನು ಜೊತೆಗೆ ಸಿದ್ಧವಿಟ್ಟು, ಒಬ್ಬರು ಮೈಕಿನ ಮುಂದೆ ಣಮೋಕಾರವನ್ನು ಸಹಜ ಧ್ವನಿಯಲ್ಲಿ ಹೇಳಲಿ. ಇನ್ನೊಬ್ಬರು ಶ್ರಾವಿಕೆಯರ ಕಡೆಯ ಕೊನೆಯ ಕಂಬದ ಬಳಿ ಕುಳಿತು ಅಕ್ಷರ ಅಕ್ಷರವಾಗಿ ಕೇಳಲಿ. ಮತ್ತೊಬ್ಬರು ಬಸದಿಯ ಹೊರಬಾಗಿಲಲ್ಲಿ ನಿಂತು ಬೀದಿಗೆ ಕೇಳಿಸುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಲಿ. ಇದಕ್ಕೆ ಹಣದ ಖರ್ಚಿಲ್ಲ, ಬೇಕಾದದ್ದು ಅಪ್ರಮಾದ.

ಮುಂದಿನ ವಾರ್ಷಿಕ ಸಭೆಯಲ್ಲಿ ಧ್ವನಿವರ್ಧಕಕ್ಕೆ ಹೊಸ ದಾನವನ್ನು ಘೋಷಿಸುವ ಮೊದಲು ಪ್ರತಿ ಟ್ರಸ್ಟಿನ ಅಧ್ಯಕ್ಷರೂ ಹಿಂದಿನ ಸಾಲಿಗೆ ನಡೆದುಹೋಗಿ, ಅಲ್ಲಿಯ ವೃದ್ಧರನ್ನು ಕೇಳಲಿ: ಕಳೆದ ಪರ್ವದ ಪ್ರವಚನದಲ್ಲಿ ಏನು ಕೇಳಿಸಿತು? ಉತ್ತರವಾಗಿ ಉತ್ತಮ ಕ್ಷಮೆಯ ಬಗ್ಗೆ ಒಂದು ಮಾತಾದರೂ ಬಂದರೆ ಆ ವ್ಯವಸ್ಥೆ ಸಾರ್ಥಕ. ‘ದರ್ಶನವಾಯಿತು’ ಎಂಬುದಷ್ಟೇ ಬಂದರೆ, ಆ ಕ್ಷಮೆಯನ್ನು ಮೊದಲು ಬೇಡಬೇಕಾದವರು ಟ್ರಸ್ಟಿನವರು.