ತೀರ್ಪುಗಾರರ ಸಾಲಿನಲ್ಲಿ ಅರ್ಜಿ ತುಂಬುವವರೂ ಕೂರಲಿ



ಶಾಲಾ ಕಲೋತ್ಸವದಲ್ಲಿ ನಿಮ್ಮ ಮಗಳು ಕನ್ನಡ ಕಂಠಪಾಠಕ್ಕೆ ನಿಂತಿದ್ದಾಳೆ ಎಂದಿಟ್ಟುಕೊಳ್ಳಿ. ಎದುರಿಗೆ ಮೂವರು ತೀರ್ಪುಗಾರರು. ಒಬ್ಬರು ಸಂಗೀತ ಬಲ್ಲವರು, ಒಬ್ಬರು ನಾಟಕದವರು, ಇನ್ನೊಬ್ಬರು ವೇಷಭೂಷಣದಲ್ಲಿ ಪಳಗಿದವರು. ಆದರೆ ಮೂವರಲ್ಲಿ ಒಬ್ಬರಿಗೂ ಕನ್ನಡ ಬಾರದು. ಅವರು ಕೊಟ್ಟ ಅಂಕವನ್ನು ನೀವು ಒಪ್ಪುತ್ತೀರಾ? ಖಂಡಿತ ಇಲ್ಲ. ಸಂಜೆಯಾಗುವುದರೊಳಗೆ ಅಪೀಲು ಬರೆದು ಹಣ ಕಟ್ಟಿ ಬರುತ್ತೀರಿ. ಅಷ್ಟರ ಮಟ್ಟಿಗೆ ನಮ್ಮವರು ಗಟ್ಟಿಗರೇ. ಆದರೆ ನಮ್ಮ ಮಕ್ಕಳು ಪ್ಲಸ್ ಟು ಮುಗಿಸಿ ಪದವಿಗೆ ಸೇರಲು ಇಂದು ಇರುವ ಬಾಗಿಲು ಒಂದೇ, ಅದು ವಿಶ್ವವಿದ್ಯಾನಿಲಯದ ಜಾಲತಾಣ. ಅಂಥ ಜಾಲತಾಣಗಳಿಗೆ 'ಅತ್ಯುತ್ತಮ ವಿನ್ಯಾಸ' ಎಂಬ ಬಿರುದು ಕೊಡುವ ತಜ್ಞರು ಯಾರು, ಅವರು ಏನನ್ನು ನೋಡಿ ಅಂಕ ಹಾಕುತ್ತಾರೆ ಎಂದು ನಾವು ಯಾರೂ ಈವರೆಗೆ ಕೇಳಿದ್ದಿಲ್ಲ.

ನಾನೂ ಕೇಳಿರಲಿಲ್ಲ. ಕೇಳುವಂತೆ ಮಾಡಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಮೊದಲ ತರಗತಿಯಿಂದ ಕನ್ನಡ ಮಾಧ್ಯಮದಲ್ಲೇ ಓದಿದವಳು, ತಂದೆ ಅಡಿಕೆ ತೋಟದ ಕೆಲಸದವರು. ಒಂದು ಜೂನ್ ತಿಂಗಳ ಸಂಜೆ ಇಬ್ಬರೂ ಮಳೆಯಲ್ಲೇ ಮನೆಗೆ ಬಂದರು. "ಟೀಚರ್, ಇದೊಂದು ನೋಡಿ ಕೊಡಿ, ಇವಳಿಗೆ ಎಲ್ಲಿ ಒತ್ತುವುದೆಂದೇ ತಿಳಿಯುವುದಿಲ್ಲವಂತೆ" ಎಂದು ತಂದೆ ಮೊಬೈಲು ಚಾಚಿದರು. ಅದೊಂದು ವಿಶ್ವವಿದ್ಯಾನಿಲಯದ ಜಾಲತಾಣ, ಹೆಸರು ಬೇಡ. ತೆರೆದೊಡನೆ ಆಕಾಶದಿಂದ ತೆಗೆದ ಕಟ್ಟಡಗಳ ಚಲನಚಿತ್ರ ಓಡಲು ತೊಡಗಿತು. ಆ ತಂದೆಯ ದಿನದ ಡೇಟಾದಲ್ಲಿ ಅರ್ಧ ಅಲ್ಲಿಗೇ ಮುಗಿಯಿತು. ಅದರ ಕೆಳಗೆ ಗಣ್ಯರ ಭಾವಚಿತ್ರಗಳು, ವಿಚಾರ ಸಂಕಿರಣದ ಸುದ್ದಿ, ತಮ್ಮ ಜಾಲತಾಣಕ್ಕೆ ಪ್ರಶಸ್ತಿ ಬಂದಿದೆ ಎಂದು ಅಡ್ಡಲಾಗಿ ಓಡುವ ಒಂದು ಸಾಲು. ಭಾಷಾ ಅಲ್ಪಸಂಖ್ಯಾತರ ಮೀಸಲಿಗೆ ಬೇಕಾದ ಪ್ರಮಾಣಪತ್ರದ ನಮೂನೆಯನ್ನು ಹುಡುಕಲು ನಮಗೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. 'ಡೌನ್‌ಲೋಡ್ಸ್' ಎಂಬಲ್ಲಿ, ಮೂರನೆಯ ಪುಟದಲ್ಲಿ, ಅಡ್ಡಕ್ಕೆ ಸ್ಕ್ಯಾನ್ ಮಾಡಿದ ಹಾಳೆಯಾಗಿ ಅದು ಬಿದ್ದುಕೊಂಡಿತ್ತು. ತುಂಬಿದ ಮೇಲೆ ಎಲ್ಲಿ ಹಾಕಬೇಕೆಂದರೆ 'ಅದರ್ಸ್' ಎಂಬ ಪೆಟ್ಟಿಗೆಯಲ್ಲಿ! ಅದು ನಮಗೆ ತಿಳಿದದ್ದು ಕೊನೆಯ ದಿನ ಕಳೆದ ಮೇಲೆ. ಹುಡುಗಿ ಬಯಸಿದ ವಿಷಯ ಸಿಗಲಿಲ್ಲ, ಸಿಕ್ಕಿದ್ದನ್ನು ಓದುತ್ತಿದ್ದಾಳೆ.

ಅಂದು ರಾತ್ರಿ ನನಗೆ ಕೋಪ ಬಂದದ್ದು ಜಾಲತಾಣದ ಮೇಲಲ್ಲ, ಆ ಪ್ರಶಸ್ತಿಯ ಮೇಲೆ. ಇದಕ್ಕೆ ಅಂಕ ಕೊಟ್ಟ ಪುಣ್ಯಾತ್ಮರು ಯಾರು?

ಈ ಬಗೆಯ ಪ್ರಶಸ್ತಿಗಳ ತವರು ಅಮೆರಿಕ. 1996ರಲ್ಲಿ ಆರಂಭವಾದ ವೆಬ್ಬಿ ಪ್ರಶಸ್ತಿ ಇವುಗಳಲ್ಲಿ ಹೆಸರಾದದ್ದು. ಅದರಲ್ಲಿ ಶಾಲೆ ಮತ್ತು ವಿಶ್ವವಿದ್ಯಾನಿಲಯಗಳಿಗೆಂದೇ ಒಂದು ವಿಭಾಗವಿದೆ. ಪ್ರವೇಶ ಶುಲ್ಕ ಕಟ್ಟಿ ಸ್ಪರ್ಧೆಗೆ ಇಳಿಯಬೇಕು. ಅಂತರ್ಜಾಲ ಕ್ಷೇತ್ರದ ತಜ್ಞರ ಅಕಾಡೆಮಿಯೊಂದು ತೀರ್ಪು ಕೊಡುತ್ತದೆ. ಜೊತೆಗೆ 'ಪೀಪಲ್ಸ್ ವಾಯ್ಸ್' ಎಂದು ಸಾರ್ವಜನಿಕರ ಮತದಿಂದ ಕೊಡುವ ಇನ್ನೊಂದು ಪ್ರಶಸ್ತಿಯೂ ಇದೆ. ಗೆದ್ದವರು ವೇದಿಕೆಯಲ್ಲಿ ಐದೇ ಐದು ಪದಗಳಲ್ಲಿ ಭಾಷಣ ಮುಗಿಸಬೇಕೆಂಬ ನಿಯಮ ಮಾತ್ರ ನನಗೆ ಬಹಳ ಹಿಡಿಸಿತು. ನಮ್ಮ ವಾರ್ಷಿಕೋತ್ಸವಗಳಿಗೂ ಅದನ್ನು ತರಬಹುದು. ಇನ್ನೊಂದು ಕೇಸ್ ಎಂಬ ಸಂಘಟನೆ, 1974ರಲ್ಲಿ ಹುಟ್ಟಿದ್ದು. ವಿಶ್ವವಿದ್ಯಾನಿಲಯಗಳಲ್ಲಿ ಹಳೆವಿದ್ಯಾರ್ಥಿ ಸಂಪರ್ಕ, ದೇಣಿಗೆ ಸಂಗ್ರಹ, ಪ್ರಚಾರ ಇವುಗಳನ್ನು ನೋಡಿಕೊಳ್ಳುವವರ ಕೂಟ. ಅದರ 'ಸರ್ಕಲ್ ಆಫ್ ಎಕ್ಸಲೆನ್ಸ್' ಪ್ರಶಸ್ತಿಗೆ ತೀರ್ಪುಗಾರರು ಅದೇ ವೃತ್ತಿಯ ಇತರರು. ಎಂದರೆ ಒಂದು ವಿಶ್ವವಿದ್ಯಾನಿಲಯದ ಪ್ರಚಾರ ವಿಭಾಗದ ಕೆಲಸಕ್ಕೆ ಇನ್ನೊಂದರ ಪ್ರಚಾರ ವಿಭಾಗದವರು ಅಂಕ ಹಾಕುವುದು. ಅವರು ಅಪ್ರಾಮಾಣಿಕರೆಂದು ನಾನು ಹೇಳುತ್ತಿಲ್ಲ. ಅಡುಗೆಯವರು ಅಡುಗೆಯವರ ಊಟಕ್ಕೆ ಅಂಕ ಕೊಡಲಿ, ಬೇಡವೆನ್ನುವವರಾರು? ಆದರೆ ಹಸಿದವನು ಪಂಕ್ತಿಯಲ್ಲೇ ಇಲ್ಲವಲ್ಲ!

ವೆಬ್ಬಿಯವರ ಮಾನದಂಡಗಳನ್ನು ನೋಡಿ: ವಿಷಯ, ರಚನೆ ಮತ್ತು ಸಂಚಾರ, ದೃಶ್ಯ ವಿನ್ಯಾಸ, ಕಾರ್ಯಕ್ಷಮತೆ, ಪರಸ್ಪರ ಸ್ಪಂದನ, ಒಟ್ಟು ಅನುಭವ. ಆರೂ ಸರಿಯಾದವೇ. ದೃಶ್ಯ ವಿನ್ಯಾಸ ಆರರಲ್ಲಿ ಒಂದು ಮಾತ್ರ. ಹಾಗಿದ್ದ ಮೇಲೆ ತಪ್ಪಿರುವುದು ಎಲ್ಲಿ? ನಾವು ಬಿ.ಎಡ್.ನಲ್ಲಿ ಮೌಲ್ಯಮಾಪನದ ಪಾಠದಲ್ಲಿ ಮೊದಲು ಓದುವುದು ಸಪ್ರಮಾಣತೆ. ಪರೀಕ್ಷೆ ಏನನ್ನು ಅಳೆಯುತ್ತೇನೆಂದು ಹೇಳುತ್ತದೆಯೋ ಅದನ್ನೇ ಅಳೆಯಬೇಕು. ಗಣಿತದ ಉತ್ತರ ಪತ್ರಿಕೆಯಲ್ಲಿ ಅಕ್ಷರ ದುಂಡಗಿದೆಯೆಂದು ಅಂಕ ಕೊಟ್ಟರೆ ಅದು ಗಣಿತದ ಅಂಕವಲ್ಲ. ಜಾಲತಾಣದ ತೀರ್ಪುಗಾರರು ಕುಳಿತಿರುವುದು ದೊಡ್ಡ ಪರದೆಯ ಎದುರು, ವೇಗದ ಸಂಪರ್ಕದಲ್ಲಿ, ತಮ್ಮದೇ ಭಾಷೆಯಲ್ಲಿ. ಅವರಿಗೆ ಸಂಜೆ ಐದರೊಳಗೆ ಯಾವ ಅರ್ಜಿಯನ್ನೂ ಕಳುಹಿಸಬೇಕಾಗಿಲ್ಲ. ಆ ತಾಣದಿಂದ ಅವರಿಗೆ ಬೇಕಾದದ್ದು ಏನೂ ಇಲ್ಲ. ಏನೂ ಬೇಡದವನಿಗೆ ದಾರಿ ಎಂದೂ ತಪ್ಪುವುದಿಲ್ಲ. 'ಸಂಚಾರ ಸುಲಭ' ಎಂದು ಅವನು ಬರೆಯುವುದರಲ್ಲಿ ಆಶ್ಚರ್ಯವೇನು?

ಜನರ ಮತದ ಪ್ರಶಸ್ತಿ ಇದಕ್ಕೆ ಮದ್ದಲ್ಲ. ಅಲ್ಲಿ ಹೆಚ್ಚು ವಿದ್ಯಾರ್ಥಿಗಳಿದ್ದವರಿಗೆ, ಹೆಚ್ಚು ಅಭಿಮಾನಿಗಳಿದ್ದವರಿಗೆ ಹೆಚ್ಚು ಮತ. ಅರ್ಜಿ ಹಾಕಲು ಬಂದು, ದಾರಿ ಕಾಣದೆ ಹಿಂದಿರುಗಿದವನು ಮತ ಹಾಕಲು ಮತ್ತೆ ಬರುವುದಿಲ್ಲ.

ಈ ಕಾಯಿಲೆಯನ್ನು ಅಮೆರಿಕದವರೇ ಗುರುತಿಸದೆ ಇಲ್ಲ. ರಾಂಡಲ್ ಮನ್ರೋ ಎಂಬ ವ್ಯಂಗ್ಯಚಿತ್ರಕಾರ 2010ರಲ್ಲಿ ಒಂದು ಚಿತ್ರ ಬರೆದ. ಒಂದಕ್ಕೊಂದು ತಗಲುವ ಎರಡು ವೃತ್ತಗಳು, ನಾವು ಗಣ ಸಿದ್ಧಾಂತದ ಪಾಠದಲ್ಲಿ ಬರೆಯುವಂಥದ್ದೇ. ಒಂದರೊಳಗೆ ವಿಶ್ವವಿದ್ಯಾನಿಲಯದ ಮುಖಪುಟದಲ್ಲಿ ಇರುವವು: ಆವರಣದ ಚಿತ್ರಮಾಲೆ, ಪತ್ರಿಕಾ ಹೇಳಿಕೆ, ಅಧ್ಯಕ್ಷರ ಪತ್ರ. ಇನ್ನೊಂದರೊಳಗೆ ಜನ ಹುಡುಕಿಕೊಂಡು ಬರುವವು: ಅರ್ಜಿ ನಮೂನೆ, ಅಧ್ಯಾಪಕರ ದೂರವಾಣಿ ಸಂಖ್ಯೆ, ಶೈಕ್ಷಣಿಕ ಪಂಚಾಂಗ, ಉಪಯೋಗಕ್ಕೆ ಬರುವ ನಕಾಶೆ. ಎರಡೂ ಸೇರುವಲ್ಲಿ ಒಂದೇ ಒಂದು ವಸ್ತು, ವಿಶ್ವವಿದ್ಯಾನಿಲಯದ ಪೂರ್ಣ ಹೆಸರು! ಈ ಚಿತ್ರ ನೋಡಿ ನಕ್ಕವರಲ್ಲಿ ವಿಶ್ವವಿದ್ಯಾನಿಲಯದವರೂ ಇದ್ದರು. ಆದರೆ ನಕ್ಕದ್ದರಿಂದ ಮುಖಪುಟ ಬದಲಾಗಲಿಲ್ಲ.

ನಗೆಯ ಮಾತಲ್ಲದ ಲೆಕ್ಕವೂ ಇದೆ. ಅಮೆರಿಕದ ಯೂಟಾ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿರುವ ವೆಬ್‌ಏಮ್ ಎಂಬ ಸಂಸ್ಥೆ 2019ರಿಂದ ವರ್ಷಕ್ಕೊಮ್ಮೆ ಹತ್ತು ಲಕ್ಷ ಜಾಲತಾಣಗಳ ಮುಖಪುಟಗಳನ್ನು ಯಂತ್ರದಿಂದ ಪರೀಕ್ಷಿಸುತ್ತಿದೆ. ಕಣ್ಣು, ಕಿವಿ, ಕೈಗಳ ತೊಂದರೆ ಇರುವವರು ಪುಟವನ್ನು ಬಳಸಬಲ್ಲರೇ ಎಂಬುದು ಪ್ರಶ್ನೆ. 2019ರಲ್ಲಿ 97.8 ಶೇಕಡಾ ಪುಟಗಳಲ್ಲಿ ದೋಷ ಕಂಡಿತು. 2025ರಲ್ಲಿ 94.8 ಶೇಕಡಾ. ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ ಯಾವುದು ಗೊತ್ತೇ? ಹಿನ್ನೆಲೆಯಲ್ಲಿ ಕರಗಿಹೋಗುವ ಮಸುಕು ಅಕ್ಷರ. ಬಿಳಿಯ ಮೇಲೆ ತೆಳು ಬೂದು ಬಣ್ಣ ವಿನ್ಯಾಸಕಾರರ ಕಣ್ಣಿಗೆ ನಾಜೂಕು. ನಲವತ್ತು ದಾಟಿದ ನನ್ನ ಕಣ್ಣಿಗೆ, ಬಿಸಿಲಲ್ಲಿ ನಿಂತು ಮೊಬೈಲು ನೋಡುವ ನಿಮ್ಮ ಕಣ್ಣಿಗೆ ಅದು ಖಾಲಿ ಹಾಳೆ.

ದೊಡ್ಡ ಹೆಸರಿನವರೂ ಇದಕ್ಕೆ ಹೊರತಲ್ಲ. ಹಾರ್ವರ್ಡ್ ಮತ್ತು ಎಂಐಟಿ ಅಂತರ್ಜಾಲದಲ್ಲಿ ಹಾಕಿದ ಉಪನ್ಯಾಸಗಳಿಗೆ ಸರಿಯಾದ ಅಡಿಬರಹವಿಲ್ಲವೆಂದು 2015ರಲ್ಲಿ ಅಲ್ಲಿಯ ಕಿವುಡರ ರಾಷ್ಟ್ರೀಯ ಸಂಘ ನ್ಯಾಯಾಲಯಕ್ಕೆ ಹೋಯಿತು. ಹಾರ್ವರ್ಡ್ 2019ರಲ್ಲಿ, ಎಂಐಟಿ 2020ರಲ್ಲಿ ರಾಜಿಗೆ ಬಂದವು. ಬರ್ಕ್ಲಿಯ ಕಥೆ ಇನ್ನೂ ಕಹಿ. 2016ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಇಂಥದೇ ಕೊರತೆಯನ್ನು ಎತ್ತಿ ತೋರಿಸಿದಾಗ ಅದು ಸರಿಪಡಿಸುವ ಬದಲು 2017ರಲ್ಲಿ 20,000ಕ್ಕೂ ಹೆಚ್ಚು ಪಾಠದ ವಿಡಿಯೊಗಳನ್ನು ಸಾರ್ವಜನಿಕರ ಕೈಗೆ ಸಿಗದಂತೆ ತೆಗೆದುಬಿಟ್ಟಿತು. ಕೊನೆಗೆ ಒಪ್ಪಂದವಾಗಲು 2022 ಬರಬೇಕಾಯಿತು. ಕೊರತೆಯನ್ನು ಕಂಡುಹಿಡಿದದ್ದು ಯಾವ ಪ್ರಶಸ್ತಿ ಮಂಡಳಿಯೂ ಅಲ್ಲ, ಅದನ್ನು ಅನುಭವಿಸಿದ ಕಿವುಡರು.

ಇನ್ನು ನಮ್ಮ ಭಾಷೆಯ ಮಾತಿಗೆ ಬರೋಣ. ಕನ್ನಡ ಬಾರದ ತಜ್ಞನಿಗೆ ಕಾಣದ ದೋಷಗಳೇ ಬೇರೆ ಇವೆ. ಇಂಗ್ಲಿಷಿಗೆ ಅಳೆದ ಸಾಲಿನ ಎತ್ತರದಲ್ಲಿ ಕನ್ನಡವನ್ನು ತುರುಕಿದರೆ 'ರಾಷ್ಟ್ರೀಯ' ಎಂಬ ಪದದ ಒತ್ತುಗಳು ಕೆಳ ಅಂಚಿನಲ್ಲಿ ಕತ್ತರಿಸಿಹೋಗುತ್ತವೆ. ಅಕ್ಷರದ ಸೊಬಗಿಗೆ ಅಂಕ ಕೊಡುವವನಿಗೆ ಒತ್ತು ಹೋದದ್ದೇ ತಿಳಿಯದು. ಯೂನಿಕೋಡ್ ಎಂಬ ಜಾಗತಿಕ ಲಿಪಿ ಸಂಕೇತಕ್ಕೆ ಕನ್ನಡ ಸೇರಿದ್ದು 1991ರಲ್ಲಿ. ಆದರೂ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಸುತ್ತೋಲೆಗಳು ಇಂದಿಗೂ ಕೈಸೇರುತ್ತವೆ. ಆ ಫಾಂಟು ಇಲ್ಲದ ಮೊಬೈಲಿನಲ್ಲಿ ತೆರೆದರೆ ಕಾಣುವುದು ಗೀಚು. ಕಾಗದವನ್ನು ಸ್ಕ್ಯಾನ್ ಮಾಡಿ ಹಾಕಿದರಂತೂ ಅದು ಬರಿಯ ಚಿತ್ರ. ಹುಡುಕಿದರೆ ಸಿಗದು, ಅಂಧ ವಿದ್ಯಾರ್ಥಿಯ ಓದುಯಂತ್ರಕ್ಕೆ ದಕ್ಕದು. ಪುಟ ಯಾವ ಭಾಷೆಯದೆಂದು ತಿಳಿಸಲು ಸಂಕೇತದಲ್ಲಿ 'ಕೆ, ಎನ್' ಎಂಬ ಎರಡು ಅಕ್ಷರ ಸೇರಿಸಿದರೆ ಸಾಕು, ಓದುಯಂತ್ರ ಕನ್ನಡದ ದನಿಯಲ್ಲಿ ಓದುತ್ತದೆ. ಭಾಷೆಯನ್ನು ಹೀಗೆ ನಮೂದಿಸದಿರುವುದು ವೆಬ್‌ಏಮ್ ಲೆಕ್ಕದಲ್ಲಿ ಅತಿ ಸಾಮಾನ್ಯವಾದ ಆರು ದೋಷಗಳಲ್ಲೊಂದು. ಅಷ್ಟು ಕಡಿಮೆ ಕೆಲಸ, ಅದೂ ಆಗಿಲ್ಲ. ತಾಳವಾಡಿಯ ತಂದೆ ತಮಿಳಿನಲ್ಲೋ ಇಂಗ್ಲಿಷಿನಲ್ಲೋ, ಜತ್ತದ ತಾಯಿ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ, ನಾವು ಕಾಸರಗೋಡಿನವರು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ತಡವರಿಸುತ್ತ ಫಾರ್ಮು ತುಂಬುವವರು. ನಮ್ಮ ತಡವರಿಕೆಗೆ ಯಾವ ತೀರ್ಪುಪಟ್ಟಿಯಲ್ಲಿ ಕಾಲಮು ಇದೆ?

"ಅಮೆರಿಕದ ಪ್ರಶಸ್ತಿಯ ಗೊಡವೆ ನಮಗೇಕೆ?" ಎಂದು ಕೆಲವರು ಕೇಳಿಯಾರು. ಏಕೆಂದರೆ ಅಲ್ಲಿಯ ರುಚಿಯೇ ಇಲ್ಲಿಗೆ ಇಳಿಯುತ್ತದೆ. ಓಡುವ ಚಿತ್ರ, ಬೂದು ಅಕ್ಷರ, ಮೂರು ಗೆರೆಯೊಳಗೆ ಅಡಗಿಸಿದ ಪಟ್ಟಿ, ಎಲ್ಲವೂ ಆ ಅಚ್ಚಿನವೇ. ನಮ್ಮಲ್ಲಿಯೂ ಸರಕಾರಿ ತಾಣಗಳಿಗೆ 2009ರಲ್ಲಿ 'ವೆಬ್ ರತ್ನ' ಎಂಬ ಪ್ರಶಸ್ತಿ ಆರಂಭವಾಯಿತು, ಮುಂದೆ ಅದೇ ಡಿಜಿಟಲ್ ಇಂಡಿಯಾ ಪ್ರಶಸ್ತಿಯಾಯಿತು. ಅದೇ 2009ರಲ್ಲಿ ಸರಕಾರಿ ಜಾಲತಾಣಗಳಿಗೆ ಮಾರ್ಗಸೂಚಿಯೂ ಬಂತು. 'ತಜ್ಞರಲ್ಲದವರಿಗೆ ವಿನ್ಯಾಸ ಏನು ತಿಳಿದೀತು?' ಎಂಬುದು ಇನ್ನೊಂದು ಆಕ್ಷೇಪ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ಕಳುಹಿಸಿದಾಗಲೂ ನಮಗೆ ಇದೇ ಮಾತು ಕೇಳಿಸಿದ್ದರು: ಅರ್ಹತೆ ನೋಡುವುದು ಇಲಾಖೆಯ ಕೆಲಸ, ನಿಮ್ಮದಲ್ಲ ಎಂದು. ಚಪ್ಪಲಿ ಕಚ್ಚುವುದು ಎಲ್ಲಿ ಎಂದು ಹೇಳಲು ಚಮ್ಮಾರಿಕೆ ಕಲಿತಿರಬೇಕೇ?

ಕಾನೂನೂ ನಮ್ಮ ಬೆನ್ನಿಗಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಇಲ್ಲಿಯ ತಮಿಳು, ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ನಡೆಸಲು ಅವಕಾಶ ಕೊಟ್ಟಿದೆ. ಆಗ ಪತ್ರವಿತ್ತು, ಈಗ ಪತ್ರದ ಜಾಗದಲ್ಲಿ ಪರದೆ ಬಂದಿದೆ. 2025ರ ಏಪ್ರಿಲ್ 30ರಂದು, ಆಸಿಡ್ ದಾಳಿಗೆ ಒಳಗಾದವರೂ ದೃಷ್ಟಿಹೀನರೂ ತಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಡಿಜಿಟಲ್ ಸೇವೆಗಳ ಬಳಕೆಯ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನೊಳಗೆ ಸೇರುತ್ತದೆ ಎಂದಿತು. ಹಳ್ಳಿಯವರಿಗೆ ಪ್ರಾದೇಶಿಕ ಭಾಷೆಯಲ್ಲಿ ಮಾಹಿತಿ ಸಿಗದಿರುವುದನ್ನೂ ಆ ತೀರ್ಪು ತಡೆಗಳ ಸಾಲಿನಲ್ಲಿ ಎಣಿಸಿದೆ.

ನಮ್ಮ ಬೇಡಿಕೆ ದುಬಾರಿಯದೇನಲ್ಲ. ಜಾಲತಾಣಗಳ ಬಳಕೆಯನ್ನೇ ಅಭ್ಯಸಿಸಿದ ಯಾಕೋಬ್ ನೀಲ್ಸನ್ 2000ದಲ್ಲೇ ಬರೆದಿದ್ದಾರೆ: ನಿಜವಾಗಿ ಬಳಸುವ ಐದು ಮಂದಿಯನ್ನು ಕೂರಿಸಿ, ಒಂದು ಕೆಲಸ ಕೊಟ್ಟು, ಬಾಯಿ ಮುಚ್ಚಿ ನೋಡಿದರೆ ಹೆಚ್ಚಿನ ದೋಷಗಳು ಹೊರಬರುತ್ತವೆ. ಐದೇ ಮಂದಿ! ಗಡಿನಾಡಿನ ಮಕ್ಕಳನ್ನು ಸೇರಿಸಿಕೊಳ್ಳುವ ಪ್ರತಿ ವಿಶ್ವವಿದ್ಯಾನಿಲಯವೂ ಪ್ರವೇಶಾತಿಗೆ ಮೊದಲು ಹೀಗೆ ಐವರನ್ನು ಕರೆಯಲಿ. ಅವರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಒಬ್ಬ ವಿದ್ಯಾರ್ಥಿ, ಒಬ್ಬ ಹೆತ್ತವರು, ಒಬ್ಬ ದೃಷ್ಟಿಹೀನರು ಇರಲಿ. ಪ್ರಶಸ್ತಿ ಕೊಡುವವರೂ ಅವರ ಅಂಕವನ್ನು ಕೇಳಿ ಕೊಡಲಿ. ಅದಿಲ್ಲದ ಪ್ರಶಸ್ತಿಯನ್ನು ಮುಖಪುಟದಲ್ಲಿ ಓಡಿಸುವುದು ನಿಲ್ಲಲಿ.

ನಾವು ಕರೆ ಬರಲೆಂದು ಕಾದು ಕೂರಬೇಕಾಗಿಲ್ಲ. ಬರುವ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ನಿಮ್ಮ ನಿಮ್ಮ ಮೊಬೈಲಿನಲ್ಲೇ ಆ ತಾಣವನ್ನು ತೆರೆಯಿರಿ. ಮಕ್ಕಳ ಕೈಗೆ ಕೊಡಬೇಡಿ, ನೀವೇ ಒತ್ತಿ. ಹುಡುಕಬೇಕಾದದ್ದು ಕೊನೆಯ ದಿನಾಂಕ, ಭಾಷಾ ಅಲ್ಪಸಂಖ್ಯಾತರ ಪ್ರಮಾಣಪತ್ರದ ನಮೂನೆ, ಸಂಶಯ ಕೇಳಲು ಒಂದು ದೂರವಾಣಿ ಸಂಖ್ಯೆ. ಗಡಿಯಾರ ನಾನು ಹಿಡಿಯುತ್ತೇನೆ. ಎಲ್ಲಿ ಎಷ್ಟು ನಿಮಿಷ ಹೋಯಿತು, ಯಾವ ಪದದ ಬಳಿ ಬೆರಳು ನಿಂತಿತು ಎಂದು ಬರೆದುಕೊಂಡು, ನಿಮ್ಮೆಲ್ಲರ ಸಹಿ ಹಾಕಿಸಿ, ಕುಲಸಚಿವರಿಗೆ ಕನ್ನಡದಲ್ಲೇ ಕಳುಹಿಸೋಣ. ಅಡಿಕೆ ತೋಟದ ಆ ತಂದೆ ಬರುತ್ತೇನೆಂದು ಈಗಾಗಲೇ ಒಪ್ಪಿದ್ದಾರೆ. ನೀವು ಬರುವಾಗ ಕನ್ನಡಕ ಮರೆಯಬೇಡಿ, ಅಲ್ಲಿಯ ಅಕ್ಷರಗಳು ಬಹಳ ಬೂದು.